ಉಪಕಾರದ ಹಿಂದೆ ಇನ್ನೇನೋ ಇದೆಯಾ?

ಮೊದಮೊದಲು ಎಲ್ಲ ಚೆನ್ನಾಗಿಯೇ ಇರುತ್ತದೆ. ಪುತ್ತೂರು ಪೇಟೆಯಲ್ಲಿ ಮಳೆಗೆ ಸಿಕ್ಕಿಬಿದ್ದ ದಿನ ಕಾರು ನಿಲ್ಲಿಸಿ ಮನೆವರೆಗೆ ಬಿಟ್ಟವರು. ಮಗುವಿಗೆ ಜ್ವರ ಬಂದ ರಾತ್ರಿ ಓಡಿ ಹೋಗಿ ಔಷಧಿ ತಂದವರು. ಗಂಡನಿಗೂ ಪರಿಚಯ, ಅತ್ತೆಗೂ ಅಚ್ಚುಮೆಚ್ಚು. ‘ಎಷ್ಟು ಒಳ್ಳೆ ಮನುಷ್ಯ’ ಅಂತ ನೀವೇ ನಾಲ್ಕು ಜನರ ಹತ್ತಿರ ಹೇಳಿರ್ತೀರಿ.

ಒಂದು ದಿನ ರಾತ್ರಿ ಹತ್ತೂವರೆಗೆ ಮೊಬೈಲ್ ಸದ್ದು. ‘ಊಟ ಆಯ್ತಾ? ಇವತ್ತು ಯಾಕೋ ಬೇಜಾರಲ್ಲಿದ್ದ ಹಾಗಿತ್ತು...’ ನಿಮಗೆ ಒಳಗೊಳಗೇ ಕಸಿವಿಸಿ, ಅಲ್ವಾ?

ಎಲ್ಲ ಸ್ನೇಹವನ್ನೂ ಸಂಶಯದಿಂದ ನೋಡಬೇಕಿಲ್ಲ. ನಿಜವಾದ ಸ್ನೇಹಿತ ನಿಮ್ಮ ಗಂಡ ಎದುರಿಗಿದ್ದಾಗಲೂ ಅದೇ ದನಿಯಲ್ಲಿ ಮಾತಾಡುತ್ತಾನೆ. ಸಹಾಯ ಬೇಡವೆಂದರೆ ಮುನಿಸಿಕೊಳ್ಳುವುದಿಲ್ಲ. ‘ಇದು ನಮ್ಮಿಬ್ಬರಲ್ಲೇ ಇರಲಿ’ ಅನ್ನುವುದಿಲ್ಲ. ‘ನಿಮಗಾಗಿ ಎಷ್ಟೆಲ್ಲ ಮಾಡಿದೆ’ ಎಂದು ಲೆಕ್ಕ ಒಪ್ಪಿಸುವುದಿಲ್ಲ. ಲೆಕ್ಕ ಶುರುವಾದರೆ ಅದು ಉಪಕಾರವಲ್ಲ, ಸಾಲ.

ನಾವು ಎಡವುವುದು ಎಲ್ಲಿ ಗೊತ್ತಾ? ಹಂಗಿನಲ್ಲಿ. ‘ಪಾಪ, ಬೇಜಾರಾಗ್ತಾರೆ’ ಅಂತ ನಗುವ ಗೊಂಬೆಯ ಚಿತ್ರ ಕಳಿಸಿ ಸುಮ್ಮನಾಗುತ್ತೇವೆ. ಆ ದಾಕ್ಷಿಣ್ಯವನ್ನೇ ಅವರು ಒಪ್ಪಿಗೆ ಅಂದುಕೊಳ್ಳುತ್ತಾರೆ.

‘ಬೇಡ’ ಎಂಬ ಮಾತನ್ನು ಅರಗಿಸಿಕೊಳ್ಳಲಾಗದ ಸಿಟ್ಟು ಎಲ್ಲಿಗೆ ಮುಟ್ಟುತ್ತದೆಂದು ನಮ್ಮೂರು ಕಂಡಿದೆ. 2018ರ ಫೆಬ್ರವರಿಯಲ್ಲಿ ಸುಳ್ಯದಲ್ಲಿ ಪ್ರೀತಿ ನಿರಾಕರಿಸಿದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಚೂರಿ ಇರಿತಕ್ಕೆ ಬಲಿಯಾದಳು. 2024ರ ಮಾರ್ಚ್‌ನಲ್ಲಿ ಕಡಬದ ಸರಕಾರಿ ಕಾಲೇಜಿನಲ್ಲಿ ಮೂವರು ಹುಡುಗಿಯರ ಮೇಲೆ ಆ್ಯಸಿಡ್ ಬಿತ್ತು. ಆ ಮಕ್ಕಳದ್ದು ಯಾವ ತಪ್ಪೂ ಇರಲಿಲ್ಲ.

ಹಾಗಾದರೆ ಹೆದರಿ ಸುಮ್ಮನಿರಬೇಕಾ? ಖಂಡಿತ ಬೇಡ. ಬೇಗ ಹೇಳಿ, ಒಬ್ಬರೇ ಹೇಳಬೇಡಿ. ‘ಇಂಥ ಮೆಸೇಜ್ ನನಗೆ ಇಷ್ಟವಿಲ್ಲ, ಇನ್ನು ಕಳಿಸಬೇಡಿ’ ಎಂದು ಒಂದೇ ಸಾಲು ಬರೆದು ಕಳಿಸಿ. ಅದನ್ನು ಅಳಿಸಬೇಡಿ. ಅದೇ ದಿನ ಗಂಡನಿಗೋ ಅಕ್ಕನಿಗೋ ತೋರಿಸಿ. ಇಷ್ಟವಿಲ್ಲವೆಂದು ಸ್ಪಷ್ಟಪಡಿಸಿದ ಮೇಲೂ ಬೆನ್ನು ಬಿಡದೆ ಮತ್ತೆ ಮತ್ತೆ ಸಂಪರ್ಕಿಸುವುದು ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿ ಮೊದಲ ಸಲಕ್ಕೇ 3 ವರ್ಷದವರೆಗೆ ಜೈಲುಶಿಕ್ಷೆ ಇದೆ. ನಿಮ್ಮ ಆ ಒಂದು ಸಾಲು ಅಲ್ಲಿ ಸಾಕ್ಷಿಯಾಗುತ್ತದೆ. ಪುತ್ತೂರಿನಲ್ಲಿ ಮಹಿಳಾ ಪೊಲೀಸ್ ಠಾಣೆಯೇ ಇದೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಇನ್ನೊಂದು ಮಾತು, ಇದು ಮನೆಯವರಿಗೆ. ಅವಳು ಬಂದು ಹೇಳಿದಾಗ ‘ನೀನ್ಯಾಕೆ ಅವನ ಕಾರು ಹತ್ತಿದೆ?’ ಅಂತ ಕೇಳಬೇಡಿ. ಆ ಒಂದು ಪ್ರಶ್ನೆಯ ಭಯಕ್ಕೇ ಎಷ್ಟೋ ಹೆಂಗಸರು ತಿಂಗಳುಗಟ್ಟಲೆ ಬಾಯಿ ಬಿಡುವುದಿಲ್ಲ. ‘ಹೇಳಿದ್ದು ಒಳ್ಳೆಯದಾಯ್ತು’ ಎನ್ನಿ, ಸಾಕು. ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿರುವ ಮಗಳೂ ಅದನ್ನು ನೆನಪಿಟ್ಟುಕೊಳ್ಳುತ್ತಾಳೆ. ನಾಳೆ ಅವಳಿಗೆ ಇಂಥದ್ದೇ ಕಷ್ಟ ಬಂದರೆ ಮೊದಲು ಬರುವುದು ನಿಮ್ಮ ಹತ್ತಿರವೇ. ಏನಂತೀರಿ?