ಬಡಗಣ ಸೀಮೆಯಲ್ಲೊಂದು ತೋಟದ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದರು. ಮನೆ ಕಟ್ಟುವುದಕ್ಕೆ ಮುಂಚೆ ನೆಲವನ್ನು ಹುಡುಕಬೇಕಾದ ಕಷ್ಟವನ್ನು ಮಾತ್ರ ಹೇಳದೆ ಬಿಟ್ಟರು. ಅವರ ಕಾಲದಲ್ಲಿ ಬಹುಶಃ ಆ ಪ್ರಶ್ನೆಯೇ ಏಳುತ್ತಿರಲಿಲ್ಲ. ಹುಟ್ಟಿದ ಊರೇ ನೆಲೆ, ಪಾಲಿಗೆ ಬಂದದ್ದೇ ಭೂಮಿ. ಈಗ ಹಾಗಿಲ್ಲ. ಊರು ಬಿಟ್ಟು ಪಟ್ಟಣ ಸೇರಿದವರು ಮುಪ್ಪು ಹತ್ತಿರವಾದಂತೆ ಮತ್ತೆ ಹಳ್ಳಿಯ ಕಡೆ ಮುಖ ಮಾಡುವುದುಂಟು. ಅಂಥವರು ದೂರದ, ಅಗ್ಗದ ನೆಲವನ್ನು ಹೇಗೆ ಪರೀಕ್ಷಿಸಬೇಕು ಎಂಬುದೇ ಈ ಲೇಖನದ ವಿಷಯ. ನಾನು ಕೃಷಿಪಂಡಿತನಲ್ಲ, ಕಂಡದ್ದನ್ನೂ ಓದಿದ್ದನ್ನೂ ಕೂಡಿಸಿ ಬರೆದಿದ್ದೇನೆ. ತಪ್ಪಿದ್ದಲ್ಲಿ ತಿಳಿದವರು ತಿದ್ದಬೇಕು.

ವಿಷಯ ನಮ್ಮ ಮನೆಯದೇ. ನಮ್ಮ ತಂದೆಯವರು ಇಪ್ಪತ್ತಾರು ವರ್ಷ ತುಮಕೂರಿನ ಮಂಡಿಗಳಲ್ಲಿ ಮೂಟೆ ಹೊತ್ತವರು. ಕೊರಟಗೆರೆ ತಾಲ್ಲೂಕಿನಲ್ಲಿ ತಾತನ ಪಾಲಿಗಿದ್ದ ಒಂದೂವರೆ ಎಕರೆ ಸೋದರತ್ತೆಯರ ಮದುವೆಗಳಿಗೆ ಕರಗಿಹೋಯಿತು. ಈಗ ತಂದೆಯವರ ಸೊಂಟ ಸೋತಿದೆ. ಕೂಡಿಟ್ಟ ಹಣಕ್ಕೆ ತಾಯಿಯವರ ಚೀಟಿಯ ಹಣವನ್ನೂ ಸೇರಿಸಿ, ಎಲ್ಲಾದರೂ ಒಂದಿಷ್ಟು ನೆಲ ಕೊಂಡು, ಅಲ್ಲಿಯೇ ಮನೆ ಕಟ್ಟಿ, ನಾಲ್ಕು ಕುರಿ ಸಾಕಿಕೊಂಡಿರಬೇಕೆಂಬುದು ಅವರ ಆಸೆ. ೨೦೨೦ರಲ್ಲಿ ಭೂಸುಧಾರಣಾ ಕಾಯಿದೆಯ ೭೯ಎ, ೭೯ಬಿ ಕಲಮುಗಳನ್ನು ತೆಗೆದುಹಾಕಿದ ಮೇಲೆ ರೈತರಲ್ಲದವರೂ ಕೃಷಿಭೂಮಿಯನ್ನು ಕೊಳ್ಳಬಹುದು. ಅದೇ ಬಾಗಿಲಿನಲ್ಲಿ ನಮ್ಮಂಥವರ ಜೊತೆಗೆ ಹಣವಂತರೂ ನುಗ್ಗುತ್ತಾರೆಂಬುದು ಬೇರೆ ಮಾತು.

ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಆದುದರಿಂದ ಒಂದು ರಾತ್ರಿ ಊಟವಾದ ಮೇಲೆ ತಂದೆಯವರು, “ಮೂರು ವರ್ಷ ಭೂಗೋಳ ಓದಿದ್ದೀಯಲ್ಲಪ್ಪ, ಯಾವ ಸೀಮೇಲಿ ತಗೊಂಡ್ರೆ ನಿಲ್ಲುತ್ತೆ, ಲೆಕ್ಕ ಹಾಕಿ ಹೇಳು” ಎಂದರು. ಇಂಥ ಪ್ರಶ್ನೆ ಯಾವ ಪರೀಕ್ಷೆಯಲ್ಲಿಯೂ ಬಂದಿರಲಿಲ್ಲ.

ಹೋದ ವರ್ಷದ ದಸರಾ ರಜೆಯಲ್ಲಿ ನಾವಿಬ್ಬರೂ ಬಸ್ಸು ಹತ್ತಿ ನಾಲ್ಕು ತಾಲ್ಲೂಕುಗಳನ್ನು ಸುತ್ತಿದೆವು. ಕೊರಟಗೆರೆ ಎಲ್ಲಕ್ಕಿಂತ ಹತ್ತಿರ. ಜಯಮಂಗಲಿ, ಸುವರ್ಣಮುಖಿಗಳ ಬದಿಯಲ್ಲಿ ತೆಂಗು ಅಡಿಕೆಗಳ ನೆರಳಿದೆ. ಆದರೆ ನಮ್ಮ ಹಣಕ್ಕೆ ಅಲ್ಲಿ ಒಂದು ಎಕರೆ ಸಿಕ್ಕುವುದೂ ಕಷ್ಟ. ಶಿರಾದಲ್ಲಿ ಹೇಮಾವತಿಯ ನೀರು ದೊಡ್ಡ ಕೆರೆಗೆ ಬರುತ್ತದೆ, ಹೆದ್ದಾರಿಯೂ ಇದೆ. ಆ ಹೆದ್ದಾರಿಯ ಪಕ್ಕದಲ್ಲಿ ನೆಲ ಕೇಳಿದರೆ ಎಕರೆಯ ಲೆಕ್ಕ ಹೇಳುವವರೇ ಇಲ್ಲ, ಎಲ್ಲರೂ ಅಡಿಯ ಲೆಕ್ಕ ಹೇಳುತ್ತಾರೆ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ದಾಟಿ ಬಡಗಲಿಗೆ ಹೋದಂತೆ ಬೆಲೆ ಇಳಿಯುತ್ತದೆ, ಮರಗಳೂ ಕಡಿಮೆಯಾಗುತ್ತವೆ. ಆ ತಾಲ್ಲೂಕಿನ ಮೈದನಹಳ್ಳಿಯ ಬಯಲನ್ನು ೨೦೦೭ರಲ್ಲಿ ಕೃಷ್ಣಮೃಗಗಳಿಗಾಗಿ ಮೀಸಲಿಟ್ಟರು. ಕೃಷ್ಣಮೃಗಕ್ಕೆ ಹಿತವಾದ ಹುಲ್ಲುಬಯಲು ಎಂದರೆ ಮಳೆ ಕಡಿಮೆಯ ನೆಲವೆಂದೇ ತಿಳಿಯಬೇಕು.

ಇನ್ನು ಪಾವಗಡ. ಇದು ನಮ್ಮ ಜಿಲ್ಲೆಯ ಬಡಗಣ ತುದಿ. ಜಿಲ್ಲೆಯ ತುದಿ ಎನ್ನುವುದಕ್ಕಿಂತ ನಡುಗಡ್ಡೆ ಎಂದರೆ ಸರಿ. ಏಕೆಂದರೆ ಈ ತಾಲ್ಲೂಕಿನ ನೆಲ ತುಮಕೂರು ಜಿಲ್ಲೆಯ ಉಳಿದ ಭಾಗಕ್ಕೆ ಎಲ್ಲಿಯೂ ತಾಗುವುದಿಲ್ಲ. ಮೂರು ಕಡೆ ಆಂಧ್ರ, ಒಂದು ಕಡೆ ಚಿತ್ರದುರ್ಗ. ಮಧುಗಿರಿಯಿಂದ ನೇರವಾಗಿ ಹೋಗುವ ಬಸ್ಸು ನಡುವೆ ಆಂಧ್ರದ ನೆಲವನ್ನು ದಾಟಿಯೇ ಹೋಗಬೇಕು. ಸಂತೆಯಲ್ಲಿ ಕನ್ನಡದಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರ ಬರುತ್ತದೆ, ಯಾರೂ ಅದನ್ನು ವಿಶೇಷವೆಂದು ಎಣಿಸುವುದಿಲ್ಲ. ಅಲ್ಲಿರುವ ನಮ್ಮ ಸೋದರಮಾವ, “ಅಲ್ಲಿ ಒಂದು ಎಕರೆ ದುಡ್ಡಿಗೆ ಇಲ್ಲಿ ನಾಲ್ಕು ಎಕರೆ ಬರುತ್ತೆ ಭಾವ” ಎಂದು ಎರಡು ವರ್ಷದಿಂದ ಹೇಳುತ್ತಿದ್ದಾರೆ. ತಂದೆಯವರ ಮನಸ್ಸು ಪಾವಗಡದ ಮೇಲೆ ಕುಳಿತದ್ದು ೨೦೨೨ರಲ್ಲಿ. ಆ ವರ್ಷ ಬಿದ್ದ ಮಳೆಗೆ ಬಹುಕಾಲ ಬತ್ತಿದ್ದ ಕೆರೆಗಳೂ ಕೋಡಿ ಹರಿದವು. ಯಾವುದೋ ಮದುವೆಗೆಂದು ಹೋದವರು ಆ ನೀರನ್ನು ಕಂಡು ಬಂದರು.

ಇಲ್ಲಿ ನನಗೆ ತರಗತಿಯಲ್ಲಿ ಕೇಳಿದ ಒಂದು ಪಾಠ ನೆನಪಾಯಿತು. ಕೆನಡಾ ದೇಶದ ಸರ್ಕಾರ ೧೮೭೨ರಲ್ಲಿ ಒಂದು ಕಾಯಿದೆ ಮಾಡಿ, ಹತ್ತು ಡಾಲರ್ ಶುಲ್ಕ ಕೊಟ್ಟು ತನ್ನ ಪಶ್ಚಿಮದ ಬಯಲಿನಲ್ಲಿ ನೆಲೆಸಿ ಸಾಗುವಳಿ ಮಾಡುವವರಿಗೆ ೧೬೦ ಎಕರೆ ನೆಲವನ್ನು ಕೊಡತೊಡಗಿತು. ಬಹು ಶೀತಲವಾದ, ಬಹು ದೂರದ ಪ್ರದೇಶವದು. ಅದಕ್ಕೂ ಮೊದಲು, ೧೮೫೭ರಿಂದ ೧೮೬೦ರವರೆಗೆ ಅಲ್ಲಿ ತಿರುಗಾಡಿದ ಪಾಲಿಸರ್ ಎಂಬಾತ ಆ ಬಯಲಿನ ದಕ್ಷಿಣದ ಒಂದು ದೊಡ್ಡ ತ್ರಿಕೋಣ ಒಣಭೂಮಿಯೆಂದೂ ಬೇಸಾಯಕ್ಕೆ ತಕ್ಕದ್ದಲ್ಲವೆಂದೂ ವರದಿ ಮಾಡಿದ್ದ. ಇಪ್ಪತ್ತು ವರ್ಷದ ಮೇಲೆ ಮಕೂನ್ ಎಂಬ ಸಸ್ಯಶಾಸ್ತ್ರಜ್ಞ ಅದೇ ನೆಲವನ್ನು ನೋಡಿ, ಗೋಧಿಗೆ ಇದಕ್ಕಿಂತ ಒಳ್ಳೆಯ ನೆಲವಿಲ್ಲವೆಂಬಂತೆ ಹೊಗಳಿದ. ಇಬ್ಬರೂ ಸುಳ್ಳು ಹೇಳಲಿಲ್ಲ. ಮೊದಲನೆಯವನು ಬರದ ವರ್ಷಗಳಲ್ಲಿ ಹೋಗಿದ್ದ, ಎರಡನೆಯವನು ಒಳ್ಳೆಯ ಮಳೆಯ ವರ್ಷಗಳಲ್ಲಿ. ಜನ ಎರಡನೆಯವನನ್ನು ನಂಬಿದರು. ಮುಂದೆ ೧೯೧೭ರ ನಂತರವೂ ೧೯೩೦ರ ದಶಕದಲ್ಲಿಯೂ ಬರ ಬಂದಾಗ ಸಹಸ್ರಾರು ಸಂಸಾರಗಳು ಕಟ್ಟಿದ ಮನೆಗಳನ್ನು ಬಿಟ್ಟು ಹೊರಟವು. ಅವರನ್ನು ಓಡಿಸಿದ್ದು ಎಲ್ಲರೂ ಹೆದರಿದ್ದ ಚಳಿಯಲ್ಲ, ಯಾರೂ ಎಣಿಸದಿದ್ದ ಬಾಯಾರಿಕೆ.

ನಮ್ಮ ತಂದೆಯವರೂ ಪಾವಗಡವನ್ನು ಮಕೂನನ ಕಣ್ಣಿನಿಂದಲೇ ನೋಡಿ ಬಂದಿದ್ದರು. ೨೦೨೨ರಲ್ಲಿ ಕೋಡಿ ಹರಿದ ಸೀಮೆಗೆ ೨೦೨೩ರಲ್ಲಿ ಏನಾಯಿತು? ಆ ವರ್ಷ ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಿದರು. ಪಾವಗಡದಲ್ಲಿ ಸಾಮಾನ್ಯ ವರ್ಷದ ಮಳೆ ೫೦೦ರಿಂದ ೬೦೦ ಮಿಲಿಮೀಟರ್. ಅದರಲ್ಲಿಯೂ ಬಹುಪಾಲು ಉತ್ತರೆ, ಹಸ್ತ, ಚಿತ್ತೆ ಮಳೆಗಳಲ್ಲಿ ಬರಬೇಕು. ಬಾರದಿದ್ದರೆ ಕಡಲೆಕಾಯಿ ಗಿಡದಲ್ಲಿ ಸೊಪ್ಪಷ್ಟೇ ಉಳಿಯುತ್ತದೆ. ಸರಾಸರಿ ಎಂಬುದು ಪುಸ್ತಕದ ಮಾತು. ಸಂಸಾರವು ಸರಾಸರಿಯ ವರ್ಷದಲ್ಲಿ ಬದುಕುವುದಿಲ್ಲ, ಒಂದೊಂದೇ ವರ್ಷದಲ್ಲಿ ಬದುಕುತ್ತದೆ. ಆದುದರಿಂದ ನೆಲ ಕೊಳ್ಳುವವನು ಅತ್ಯಂತ ಕೆಟ್ಟ ವರ್ಷವನ್ನು ಹಿಡಿದು ಲೆಕ್ಕ ಹಾಕಬೇಕು ಎಂದು ನಾನು ತಂದೆಯವರಿಗೆ ಹೇಳಿದೆ. ನೆಲವನ್ನು ಅಕ್ಟೋಬರಿನಲ್ಲಿ ನೋಡಬಾರದು, ಏಪ್ರಿಲ್‌ನಲ್ಲಿ ನೋಡಬೇಕೆಂದೂ ಸೇರಿಸಿದೆ. ನಿಜ ಹೇಳಬೇಕೆಂದರೆ ಈ ವಾದದಲ್ಲಿ ನನ್ನ ಸ್ವಾರ್ಥವೂ ಸ್ವಲ್ಪ ಇತ್ತು. ಕೊರಟಗೆರೆಯಾದರೆ ನಾನು ಮುಂದೆ ಎಲ್ಲಿ ನೌಕರಿ ಹಿಡಿದರೂ ವಾರಕ್ಕೊಮ್ಮೆ ಮನೆಗೆ ಬರಬಹುದು.

ಈ ಬೇಸಿಗೆಯಲ್ಲಿ, ಯುಗಾದಿ ಕಳೆದ ಮೇಲೆ, ಮತ್ತೆ ಪಾವಗಡಕ್ಕೆ ಹೋದೆವು. ಈ ಸಲ ತಾಯಿಯವರೂ ಬಂದರು. ಅವರನ್ನು ಅಲ್ಲಿಯವರೆಗೂ ಯಾರೂ ಕೇಳಿರಲಿಲ್ಲ.

ಮೊದಲು ಕಾಗದಪತ್ರದ ಮಾತನ್ನು ಮುಗಿಸುತ್ತೇನೆ. ಪಹಣಿಯಲ್ಲಿ ಹೆಸರಿದ್ದರೆ ಸಾಲದು. ಆ ಹೆಸರು ಹೇಗೆ ಬಂತೆಂದು ಮ್ಯುಟೇಷನ್ ನೋಡಬೇಕು, ಸಾಲವಿದೆಯೇ ಎಂದು ಋಣಭಾರ ಪತ್ರ ತೆಗೆಸಬೇಕು, ಹದ್ದುಬಸ್ತು ಮಾಡಿಸಿ ಕಲ್ಲು ಎಲ್ಲಿದೆಯೆಂದು ಕಣ್ಣಾರೆ ಕಾಣಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ನೆಲ ಪರಿಶಿಷ್ಟ ಜಾತಿ ಅಥವಾ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದೇ ಎಂದು ವಿಚಾರಿಸಬೇಕು. ಅಂಥ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಕೊಂಡರೆ ೧೯೭೮ರ ಕಾಯಿದೆಯ ಪ್ರಕಾರ ಅದು ಮೂಲ ಮಂಜೂರಾತಿದಾರರಿಗೆ ಹಿಂದಕ್ಕೆ ಹೋಗುತ್ತದೆ, ಹೋಗತಕ್ಕದ್ದೂ ನ್ಯಾಯವೇ. ನಮಗೆ ಮೊದಲು ತೋರಿಸಿದ ನಾಲ್ಕು ಎಕರೆ ಅಂಥದ್ದೇ ಆಗಿತ್ತು. ದಲ್ಲಾಳಿ ಅದನ್ನು ಹೇಳಲಿಲ್ಲ. ಸಾಗುವಳಿ ಚೀಟಿ ತೋರಿಸಿ ಎಂದು ನಾನು ಮೂರು ಸಲ ಕೇಳಿದ ಮೇಲೆ ಆತ ನಮ್ಮ ದೂರವಾಣಿ ಕರೆಗೆ ಉತ್ತರಿಸುವುದನ್ನೇ ಬಿಟ್ಟ.

ನೀರಿನ ವಿಷಯ ಇಷ್ಟು ಸುಲಭವಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ಸೀಮೆಗಳಲ್ಲಿ ತಲಪರಿಗೆ ಎಂಬ ಹಳೆಯ ಏರ್ಪಾಡು ಉಂಟು. ಹಳ್ಳದ ಅಥವಾ ಕೆರೆಯಂಗಳದ ಮರಳಿನಲ್ಲಿ ತಾನಾಗಿ ಜಿನುಗುವ ಊಟೆಯ ನೀರನ್ನು ಕಾಲುವೆಯಲ್ಲಿ ಹರಿಸಿ, ಚಿಕ್ಕ ಕಟ್ಟೆಯಲ್ಲಿ ತುಂಬಿಸಿ, ಸರದಿಯ ಮೇಲೆ ಹೊಲಗಳಿಗೆ ಬಿಡುತ್ತಾರೆ. ಇದಕ್ಕೆ ಪಂಪು ಬೇಡ, ಕರೆಂಟು ಬೇಡ. ಆದರೆ ಹೂಳು ತೆಗೆಯುವ ದಿನ ನೀರು ಪಡೆಯುವ ಪ್ರತಿಯೊಬ್ಬನೂ ಗುದ್ದಲಿ ಹಿಡಿದು ಬರಬೇಕು. ಕೊಳವೆ ಬಾವಿಗಳು ಹೆಚ್ಚಿ ಅಂತರ್ಜಲ ಇಳಿದಂತೆ ಅನೇಕ ತಲಪರಿಗೆಗಳು ಬತ್ತಿದವು. ಬೇಸಿಗೆಯಲ್ಲಿಯೂ ಒಂದು ತಲಪರಿಗೆ ಹರಿಯುತ್ತಿದೆಯೆಂದರೆ ಎರಡು ಸಂಗತಿಗಳು ಖಚಿತ: ಅಲ್ಲಿ ನೀರು ಮೇಲೆಯೇ ಇದೆ, ಆ ಊರಿನ ಜನ ಇನ್ನೂ ಕೂಡಿ ಕೆಲಸ ಮಾಡುತ್ತಿದ್ದಾರೆ. ಇವೆರಡೂ ಪಹಣಿಯಲ್ಲಿ ಕಾಣುವುದಿಲ್ಲ. ಮಾವನವರು ಆಮೇಲೆ ತೋರಿಸಿದ ಎರಡೂವರೆ ಎಕರೆಯ ಕೆಳಗಿನ ಹಳ್ಳದಲ್ಲಿ ಅಂಥದ್ದೊಂದು ಇದೆ. ಏಪ್ರಿಲ್‌ನಲ್ಲಿ ಅದು ನನ್ನ ಕಿರುಬೆರಳಿನ ಗಾತ್ರಕ್ಕೆ ಹರಿಯುತ್ತಿತ್ತು.

ಆದರೆ ಕುಡಿಯುವ ನೀರು? ಅದಕ್ಕೆ ಕೊಳವೆ ಬಾವಿಯೇ ಗತಿ ಎಂದರು. ಪಾವಗಡದ ಕಷ್ಟ ಇರುವುದೇ ಇಲ್ಲಿ. ಆಳದ ಗ್ರಾನೈಟ್ ಬಂಡೆಗಳ ನಡುವೆ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡ್ ಕರಗಿರುತ್ತದೆ. ಲೀಟರಿಗೆ ೧ ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದ ಕಡೆ ೧.೫ರವರೆಗೆ ಸಹಿಸಬಹುದು ಎಂಬುದು ನಮ್ಮ ದೇಶದ ಮಾನದಂಡ. ಅದಕ್ಕೆ ಮೀರಿದ್ದನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲು ಕಂದುತ್ತದೆ, ದೊಡ್ಡವರ ಕೀಲು ಬಿಗಿಯುತ್ತದೆ, ಕೆಲವರ ಕಾಲು ಸೊಟ್ಟಗಾಗುತ್ತದೆ. ಕಾಯಿಸಿ ಆರಿಸಿದರೆ ಸರಿಹೋಗುತ್ತದೆಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ, ಕಾಯಿಸಿದಾಗ ಆವಿಯಾಗುವುದು ನೀರು, ಫ್ಲೋರೈಡ್ ಅಲ್ಲಿಯೇ ಉಳಿಯುತ್ತದೆ. ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳಬಹುದು. ಆದರೆ ನಮ್ಮ ಹೊಲದಿಂದ ಆ ಘಟಕಕ್ಕೆ ಎರಡೂವರೆ ಕಿಲೋಮೀಟರ್.

ಮಾವನವರ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾಗ ಪಕ್ಕದ ಮನೆಯ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು ನಕ್ಕಳು. ಎಂಟು ವರ್ಷದವಳಿರಬೇಕು. ಹಲ್ಲಿನ ಮೇಲೆ ತುಕ್ಕಿನ ಬಣ್ಣದ ಗೆರೆಗಳು. ತಾಯಿಯವರು ಅನ್ನ ಕಲೆಸುವುದನ್ನು ನಿಲ್ಲಿಸಿ, “ಗಂಡಸ್ರು ಭೂಮಿ ನೋಡ್ಕೊಂಡು ಬಂದ್ರಿ. ನೀರು ಹೊರೋಳು ನಾನು, ಇಲ್ಲಿ ಮೊಮ್ಮಕ್ಕಳನ್ನ ಸಾಕೋಳೂ ನಾನು” ಎಂದರು. ತಂದೆಯವರು ಮಾತನಾಡಲಿಲ್ಲ.

ಮಾವನವರು ಬೇರೆ ದಾರಿ ಹೇಳಿದರು. ಬೆಳೆ ಬಾರದಿದ್ದರೇನು, ಬಿಸಿಲಿದೆಯಲ್ಲ, ಸೋಲಾರಿಗೆ ಕೊಟ್ಟರಾಯಿತು ಎಂದು. ತಿರುಮಣಿಯ ಸುತ್ತಿನ ಐದು ಗ್ರಾಮಗಳ ೧೩,೦೦೦ ಎಕರೆಯಲ್ಲಿ ೨,೦೫೦ ಮೆಗಾವಾಟ್‌ನ ಸೌರ ಉದ್ಯಾನ ಇರುವುದು ವಾಚಕರಿಗೆ ತಿಳಿದೇ ಇದೆ. ೨೦೧೮ರ ಮಾರ್ಚಿಯಲ್ಲಿ ಆರಂಭವಾಗಿ ೨೦೧೯ರ ಕೊನೆಗೆ ಪೂರ್ಣವಾಯಿತು. ಅಲ್ಲಿ ಭೂಮಿಯನ್ನು ಕ್ರಯಕ್ಕೆ ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ. ಕಡಲೆಕಾಯಿ ಕೈಕೊಟ್ಟ ರೈತನಿಗೆ ಇದು ದೊಡ್ಡ ಆಸರೆ. ಆದರೆ ಪಹಣಿಯಿಲ್ಲದ ಕೂಲಿಯವರಿಗೆ ಗುತ್ತಿಗೆಯೂ ಇಲ್ಲ, ಕಳೆ ಕೀಳುವ ಕೆಲಸವೂ ಹೋಯಿತು. ಅಲ್ಲದೆ ನಮ್ಮ ತಂದೆಯವರು ಹುಡುಕುತ್ತಿರುವುದು ಬಾಡಿಗೆಯನ್ನಲ್ಲ. ಸೌರ ಫಲಕಗಳ ಬೇಲಿಯೊಳಗೆ ಯಾರೂ ಕುರಿ ಕಟ್ಟಿಕೊಂಡು ವಾಸ ಮಾಡಲಾರರು.

ಬಸ್ಸಿನಲ್ಲಿ ಹಿಂದಿರುಗುವಾಗ ನಾನು ಒಂದು ಲೆಕ್ಕ ಹಾಕಿದೆ. ಮಳೆನೀರಿನಲ್ಲಿ ಫ್ಲೋರೈಡಿನ ಭಯವಿಲ್ಲ. ಐದು ಜನರ ಸಂಸಾರಕ್ಕೆ ಕುಡಿಯಲು, ಅಡಿಗೆಗೆ ದಿನಕ್ಕೆ ತಲೆಗೆ ೧೦ ಲೀಟರ್ ಎಂದರೆ ವರ್ಷಕ್ಕೆ ೧೮,೨೫೦ ಲೀಟರ್ ಬೇಕು. ಸಾವಿರ ಚದರ ಅಡಿಯ ಮಾಳಿಗೆಯ ಮೇಲೆ ೫೦೦ ಮಿಲಿಮೀಟರ್ ಮಳೆ ಬಿದ್ದು, ಐದರಲ್ಲಿ ಒಂದು ಪಾಲು ಪೋಲಾದರೂ ಸುಮಾರು ೩೭,೦೦೦ ಲೀಟರ್ ಸಿಕ್ಕುತ್ತದೆ. ಕೆಟ್ಟ ವರ್ಷವೆಂದು ಮಳೆಯನ್ನು ಅರ್ಧಕ್ಕೆ ಇಳಿಸಿದೆ. ಬಂದದ್ದು ೧೮,೬೦೦. ಉಳಿಯುವುದು ಬರೀ ೩೫೦ ಲೀಟರ್, ಆದರೂ ಕೊರತೆಯಿಲ್ಲ. ಅಕ್ಟೋಬರಿನಿಂದ ಜೂನಿನವರೆಗೆ ತಡೆಯಬೇಕಾದರೆ ಹನ್ನೆರಡು ಸಾವಿರ ಲೀಟರಿಗೆ ಕಡಿಮೆಯಿಲ್ಲದ, ಬೆಳಕು ಬೀಳದ ತೊಟ್ಟಿ ಬೇಕು. ಮೊದಲ ಮಳೆಯ ಕೊಳೆನೀರನ್ನು ಹೊರಗೆ ಬಿಡಬೇಕು. ಮರಳು ಇದ್ದಿಲುಗಳ ಸೋಸುಗುಂಡಿ ಮಾಡಬೇಕು. ಇದರ ಖರ್ಚು ಕೊಳವೆ ಬಾವಿಯ ಖರ್ಚಿಗಿಂತ ಕಡಿಮೆಯಾದೀತೆಂದು ನನ್ನ ಅಂದಾಜು. ಕೊಳವೆ ಬಾವಿಯಲ್ಲಿ ನೀರು ಬಂದೀತೆಂಬ ಭರವಸೆಯೂ ಇಲ್ಲ.

ಐನೂರು ಚದರ ಅಡಿಯ ಪುಟ್ಟ ಮನೆ ಸಾಕೆಂದು ತಂದೆಯವರು ಹಿಂದೆ ಹೇಳುತ್ತಿದ್ದರು. ಅಷ್ಟು ಮಾಳಿಗೆಗೆ ಕೆಟ್ಟ ವರ್ಷದಲ್ಲಿ ಸುಮಾರು ಆರು ತಿಂಗಳ ನೀರು ಮಾತ್ರ ದೊರೆಯುತ್ತದೆಂದು ತೋರಿಸಿದೆ. ಮನೆಯನ್ನು ದೊಡ್ಡದು ಮಾಡಲು ಹಣವಿಲ್ಲ. ಕುರಿಯ ಕೊಟ್ಟಿಗೆಯ ತಗಡಿನ ಮಾಡನ್ನೂ ಸೇರಿಸಿದರೆ ಆದೀತೇ ಎಂದು ಅವರು ಕೇಳಿದರು. ಆಗುತ್ತದೆ ಎಂದೆ. ತಾಯಿಯವರು ಕಿಟಕಿಯ ಕಡೆ ಮುಖ ಮಾಡಿಕೊಂಡೇ, ಕೊಟ್ಟಿಗೆಯ ಮಾಡಿನ ನೀರು ಕುರಿಗಿರಲಿ, ಮನೆಯ ಮಾಳಿಗೆಯನ್ನೇ ಮುಂದಕ್ಕೆ ಚಾಚಿ ದೊಡ್ಡ ಜಗಲಿ ಮಾಡಿಸಿ, ತನ್ನ ಚೀಟಿಯ ದುಡ್ಡು ಅದಕ್ಕೇ ಎಂದರು.

ಕರಾರು ಪತ್ರ ಇನ್ನೂ ಆಗಿಲ್ಲ. ಹದ್ದುಬಸ್ತಿಗೆ ಅರ್ಜಿ ಕೊಟ್ಟು ಕಾಯುತ್ತಿದ್ದೇವೆ. ಅರ್ಥಶಾಸ್ತ್ರದ ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ತಂದೆಯವರು ನನ್ನ ಕೈಯಿಂದ ಬರೆಸಿದ್ದಾರೆ: ಮಾಳಿಗೆ, ಜಗಲಿ ಸೇರಿ, ಉದ್ದ ೪೦ ಅಡಿ, ಅಗಲ ೨೫.