ಚಾಸಿಯ ಮೇಲೊಂದು ಮನೆ: ಮೋಟಾರ್ ಹೋಮ್‌ಗಳ ಬ್ರೇಕು, ಎಂಜಿನ್ನುಗಳ ತೊಂದರೆ

ಮಲಗುವ ಮಂಚ, ಅಡುಗೆಯ ಒಲೆ, ಶೌಚಾಲಯ, ನೀರಿನ ಟ್ಯಾಂಕು ಇವೆಲ್ಲವನ್ನೂ ಹೊತ್ತುಕೊಂಡು ತನ್ನದೇ ಎಂಜಿನ್ನಿನ ಬಲದಿಂದ ಓಡುವ ವಾಹನಕ್ಕೆ ಮೋಟಾರ್ ಹೋಮ್ ಎನ್ನುತ್ತಾರೆ. ಅಮೆರಿಕದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಈ ವಾಹನಗಳಲ್ಲಿ ಬ್ರೇಕು ಮತ್ತು ಎಂಜಿನ್ನಿನ ಕೆಲವು ತೊಂದರೆಗಳು ಮತ್ತೆ ಮತ್ತೆ ಕಾಣಿಸಿಕೊಂಡಿದ್ದು, ಇವು ಸಿದ್ಧವಾಗುವ ಕ್ರಮವನ್ನು ಗಮನಿಸದೆ ಆ ತೊಂದರೆಗಳ ಮೂಲ ತಿಳಿಯುವುದಿಲ್ಲ. ಫೋರ್ಡ್ ಅಥವಾ ಜನರಲ್ ಮೋಟಾರ್ಸ್‌ನಂತಹ ಕಂಪನಿಯು ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಬ್ರೇಕುಗಳನ್ನು ಜೋಡಿಸಿದ ಬರಿಯ ಚಾಸಿಯನ್ನು ತಯಾರಿಸಿ ಕೊಡುತ್ತದೆ. ಐಯೊವಾ ರಾಜ್ಯದ ಫಾರೆಸ್ಟ್ ಸಿಟಿಯಲ್ಲಿ ಹುಟ್ಟಿದ ವಿನ್ನೆಬಾಗೊದಂತಹ ಬಾಡಿ ಕಟ್ಟುವ ಕಂಪನಿಯು ಅದರ ಮೇಲೆ ಮನೆಯನ್ನು ಕೂರಿಸುತ್ತದೆ. ದಶಕಗಳ ಕಾಲ ಮೋಟಾರ್ ಹೋಮ್‌ಗಳಿಗೆ ಆಧಾರವಾಗಿದ್ದ ಜನರಲ್ ಮೋಟಾರ್ಸ್‌ನ ಪಿ-30 ಚಾಸಿಯ ಮೇಲೆಯೇ ಊರೊಳಗೆ ಪಾರ್ಸೆಲ್, ಬ್ರೆಡ್ಡು ಹಂಚುವ ವ್ಯಾನುಗಳನ್ನೂ ಕಟ್ಟುತ್ತಿದ್ದರು. ಬ್ರೆಡ್ಡಿನ ವ್ಯಾನು ಬೆಳಿಗ್ಗೆ ತುಂಬಿಕೊಂಡು ಹೊರಟು ಮಧ್ಯಾಹ್ನದ ಹೊತ್ತಿಗೆ ಖಾಲಿಯಾಗುತ್ತದೆ ಮತ್ತು ದಿನವೂ ಓಡುತ್ತದೆ. ಮೋಟಾರ್ ಹೋಮ್ ಎಂದೂ ಖಾಲಿಯಾಗುವುದಿಲ್ಲ, ಆದರೆ ವರ್ಷದ ಬಹುಪಾಲು ನಿಂತೇ ಇರುತ್ತದೆ. ಇಳಿಯದ ಭಾರ, ದೀರ್ಘಕಾಲದ ನಿಲುಗಡೆ ಎಂಬ ಈ ಎರಡು ಸಂಗತಿಗಳಲ್ಲೇ ಹೆಚ್ಚಿನ ತೊಂದರೆಗಳ ಬೇರಿದೆ. ಎರಡರಲ್ಲಿ ನಿಲುಗಡೆಯೇ ಹೆಚ್ಚು ಕೇಡು ಮಾಡುತ್ತದೆಂದು ಹೇಳಲು ಸಾಕಷ್ಟು ಆಧಾರಗಳಿವೆ.

ಮೊದಲು ಭಾರದ ವಿಷಯ. ಬ್ರೇಕು ಮಾಡುವ ಕೆಲಸವೆಂದರೆ ಚಲನೆಯ ಶಕ್ತಿಯನ್ನು ಉಷ್ಣವಾಗಿ ಮಾರ್ಪಡಿಸಿ ಗಾಳಿಗೆ ಬಿಡುವುದು. 10 ಟನ್ ತೂಕದ ಮೋಟಾರ್ ಹೋಮನ್ನು ಗಂಟೆಗೆ 100 ಕಿಲೋಮೀಟರ್ ವೇಗದಿಂದ ನಿಲ್ಲಿಸುವಾಗ ಹುಟ್ಟುವ ಉಷ್ಣ ಸುಮಾರು 39 ಲಕ್ಷ ಜೂಲ್. ಅದೇ ವಾಹನ 1,000 ಮೀಟರ್ ಎತ್ತರದಿಂದ ಕೆಳಗಿಳಿಯುವಾಗ ಕಳೆದುಕೊಳ್ಳಬೇಕಾದ ಶಕ್ತಿ ಸುಮಾರು 980 ಲಕ್ಷ ಜೂಲ್, ಅಂದರೆ ಅದರ ಇಪ್ಪತ್ತೈದು ಪಟ್ಟು. ಇಷ್ಟು ಉಷ್ಣದಿಂದ 300 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ಇದನ್ನೆಲ್ಲ ಚಕ್ರಗಳ ಒಳಗಿರುವ ಕಬ್ಬಿಣದ ಡ್ರಮ್ಮು, ಡಿಸ್ಕುಗಳೇ ಹೀರಿಕೊಳ್ಳಬೇಕಾಗಿ ಬಂದಾಗ ಬ್ರೇಕು ಸೋಲುತ್ತದೆ. ಮಟ್ಟಸವಾದ ಹೆದ್ದಾರಿಯಲ್ಲಿ ವರ್ಷಗಟ್ಟಲೆ ಸರಿಯಾಗಿ ನಡೆದ ಬ್ರೇಕು ಒಂದೇ ಘಾಟಿಯಲ್ಲಿ ಕೈಕೊಡುವುದು ಈ ಕಾರಣದಿಂದ.

ಈ ಸೋಲು ಒಂದೇ ಬಗೆಯದಲ್ಲ. ಡ್ರಮ್ ಬ್ರೇಕಿನಲ್ಲಿ ಡ್ರಮ್ಮು ಕಾದು ಹಿಗ್ಗಿದಂತೆಲ್ಲ ಒಳಗಿನ ಲೈನರ್ ಅದನ್ನು ಮುಟ್ಟಲು ಇನ್ನಷ್ಟು ದೂರ ಸರಿಯಬೇಕಾಗುವುದರಿಂದ ಪೆಡಲ್ ಕೆಳಕ್ಕೆ ಹೋಗುತ್ತದೆ. ಲೈನರ್ ಮತ್ತು ಪ್ಯಾಡುಗಳು ಮಿತಿಮೀರಿ ಕಾದಾಗ ಅವುಗಳ ಹಿಡಿತ ಕುಂದಿ, ಪೆಡಲ್ ಗಟ್ಟಿಯಾಗಿದ್ದರೂ ವಾಹನ ನಿಲ್ಲುವುದಿಲ್ಲ. ಮೂರನೆಯದು ಇವೆರಡಕ್ಕಿಂತಲೂ ಅಪಾಯಕಾರಿ. ಪೆಡಲಿನ ಒತ್ತಡವನ್ನು ಚಕ್ರಕ್ಕೆ ಮುಟ್ಟಿಸುವ ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ದ್ರವ; ಡಾಟ್ 3 ಎಂಬ ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದ್ದರೆ, ನೂರಕ್ಕೆ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಆಯಿಲ್ ಕುದಿದು ಆವಿಯ ಗುಳ್ಳೆ ಎದ್ದಿತೆಂದರೆ ಚಾಲಕನ ಪಾದದ ಬಲವೆಲ್ಲ ಗುಳ್ಳೆಯನ್ನು ಅದುಮುವುದರಲ್ಲೇ ಮುಗಿದು, ಪೆಡಲ್ ನೆಲಕ್ಕೆ ತಾಗಿದರೂ ಚಕ್ರಕ್ಕೆ ಏನೂ ಮುಟ್ಟುವುದಿಲ್ಲ. ಓಡಿದ ಕಿಲೋಮೀಟರುಗಳ ಲೆಕ್ಕ ನೋಡಿಕೊಂಡು ಆಯಿಲ್ ಬದಲಿಸುವವರು ಇಲ್ಲಿ ಮೋಸಹೋಗುತ್ತಾರೆ, ಏಕೆಂದರೆ ತೇವ ಸೇರುವುದು ಕಾಲ ಕಳೆದಂತೆ, ವಾಹನ ಶೆಡ್ಡಿನಲ್ಲಿ ನಿಂತಿದ್ದರೂ ಸರಿಯೇ.

ಬೇರೆಯವರ ಚಾಸಿಯ ಮೇಲೆ ಮನೆ ಕಟ್ಟುವ ಪದ್ಧತಿಯನ್ನು ಬಿಟ್ಟು ಇಡೀ ವಾಹನವನ್ನು ತಾನೇ ರೂಪಿಸಲು ಒಂದು ದೊಡ್ಡ ಕಂಪನಿ ಮಾಡಿದ ಪ್ರಯತ್ನ ಇಲ್ಲಿ ವಿವರವಾಗಿ ನೋಡತಕ್ಕದ್ದು. ಜನರಲ್ ಮೋಟಾರ್ಸ್ ತನ್ನ ಜಿಎಂಸಿ ವಿಭಾಗದ ಮೂಲಕ 1973ರಿಂದ 1978ರವರೆಗೆ ತಯಾರಿಸಿದ ಜಿಎಂಸಿ ಮೋಟಾರ್ ಹೋಮ್ 23 ಮತ್ತು 26 ಅಡಿ ಉದ್ದಗಳಲ್ಲಿ ಬಂದಿತು. ಹದಿಮೂರು ಸಾವಿರಕ್ಕೆ ಸ್ವಲ್ಪ ಕಡಿಮೆ ಸಂಖ್ಯೆಯಲ್ಲಿ ಹೊರಬಂದ ಈ ವಾಹನಗಳಲ್ಲಿ ಅನೇಕವು ಇಂದಿಗೂ ಓಡುತ್ತಿವೆ. ಓಲ್ಡ್ಸ್‌ಮೊಬೈಲ್ ಟೊರೊನಾಡೊ ಎಂಬ ಕಾರಿನಿಂದ ತಂದ 455 ಘನ ಇಂಚಿನ, ಅಂದರೆ ಸುಮಾರು 7.5 ಲೀಟರಿನ ಎಂಜಿನ್ ಇದರ ಮುಂದಿನ ಚಕ್ರಗಳನ್ನು ತಿರುಗಿಸುತ್ತಿತ್ತು. ಹಿಂದಕ್ಕೆ ಹೋಗುವ ಪ್ರೊಪೆಲರ್ ಶಾಫ್ಟ್ ಆಗಲಿ, ಅಡ್ಡಲಾಗಿ ಹಾಯುವ ಹಿಂದಿನ ಆಕ್ಸಲ್ ಆಗಲಿ ಇಲ್ಲದ್ದರಿಂದ ಮನೆಯ ನೆಲವನ್ನು ರಸ್ತೆಯಿಂದ ಒಂದು ಅಡಿಗಿಂತ ತುಸು ಮೇಲಕ್ಕಷ್ಟೇ ಇರಿಸುವುದು ಸಾಧ್ಯವಾಯಿತು. ಅಂದಿನ ಮೋಟಾರ್ ಹೋಮ್‌ಗಳು ರಸ್ತೆಯ ಮೇಲೆ ತೂಗಾಡುವ ಎತ್ತರದ ಡಬ್ಬಗಳಂತಿದ್ದವು ಎಂಬುದನ್ನು ನೆನೆದರೆ ಇದು ಸಣ್ಣ ಸಾಧನೆಯಲ್ಲ.

ಆದರೆ ಬ್ರೇಕಿನ ತೊಡಕು ಹುಟ್ಟಿದ್ದೂ ಈ ತಗ್ಗು ನೆಲದ ಏರ್ಪಾಡಿನಿಂದಲೇ. ಹಿಂಬದಿಯಲ್ಲಿ ಪ್ರತಿ ಪಕ್ಕಕ್ಕೆ ಒಂದರ ಹಿಂದೆ ಒಂದರಂತೆ ಎರಡು ಚಕ್ರಗಳಿದ್ದು, ಅವುಗಳ ನಡುವೆ ಚಾಸಿಗೆ ಕೀಲು ಹಾಕಿದ ಎರಡು ತೋಳುಗಳಲ್ಲಿ ಒಂದು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಚಾಚಿಕೊಂಡು ತಮ್ಮ ತುದಿಯಲ್ಲಿ ಚಕ್ರಗಳನ್ನು ಹಿಡಿದಿವೆ. ಸ್ಪ್ರಿಂಗಿನ ಬದಲು ತೋಳುಗಳ ನಡುವೆ ಅಡ್ಡಲಾಗಿ ಮಲಗಿಸಿದ ಗಾಳಿಯ ಚೀಲವಿದೆ. ಬ್ರೇಕು ಹಿಡಿದಾಗ ತಿರುಗುತ್ತಿರುವ ಚಕ್ರವು ತನ್ನ ತೋಳನ್ನೂ ತಿರುಗುವ ದಿಕ್ಕಿಗೇ ಎಳೆಯುತ್ತದೆ. ಮುಂದಕ್ಕೆ ಚಾಚಿದ ತೋಳಿನ ತುದಿಯಲ್ಲಿರುವ ನಡುವಿನ ಚಕ್ರ ಇದರಿಂದ ರಸ್ತೆಗೆ ಒತ್ತಲ್ಪಡುತ್ತದೆ, ಹಿಂದಕ್ಕೆ ಚಾಚಿದ ತೋಳಿನ ಕೊನೆಯ ಚಕ್ರವಾದರೋ ಮೇಲಕ್ಕೇಳಲು ನೋಡುತ್ತದೆ. ಭಾರ ಕಳೆದುಕೊಂಡ ಚಕ್ರ ಸ್ವಲ್ಪ ಬ್ರೇಕಿಗೇ ತಿರುಗುವುದು ನಿಂತು ಜಾರತೊಡಗುವುದರಿಂದ, ಆರು ಚಕ್ರಗಳಿಗೂ ಬ್ರೇಕಿದ್ದರೂ ಕೊನೆಯ ಎರಡರಿಂದ ಸಿಗಬೇಕಾದ ಪ್ರಯೋಜನ ಪೂರ್ತಿಯಾಗಿ ಸಿಗುವುದಿಲ್ಲ, ಮುಂದಿನ ಡಿಸ್ಕುಗಳ ಮೇಲೆಯೇ ಹೊರೆ ಬೀಳುತ್ತದೆ. ಮೂಲ ಕಾರಿಗಿಂತ ಎರಡು ಪಟ್ಟಿಗೂ ಹೆಚ್ಚು ತೂಕದ, ತುಂಬಿದಾಗ ಸುಮಾರು 5 ಟನ್ ತೂಗುವ ವಾಹನಕ್ಕೆ ಇದು ಸಣ್ಣ ಕೊರತೆಯೇನಲ್ಲ. ಬ್ರೇಕಿನ ತಿರುಚುಬಲವನ್ನು ತೋಳಿಗೆ ಬಿಡದೆ ನೇರವಾಗಿ ಚಾಸಿಗೆ ಒಯ್ಯುವ ಪ್ರತ್ಯೇಕ ಸಲಾಕೆಗಳನ್ನು, ಡ್ರಮ್ಮುಗಳ ಜಾಗದಲ್ಲಿ ಡಿಸ್ಕುಗಳನ್ನು ಅಳವಡಿಸುವ ಪರಿಪಾಠ ಈ ವಾಹನದ ಮಾಲೀಕರಲ್ಲಿ ಮುಂದೆ ಬೆಳೆದುಬಂದಿತು.

ಅದರ ಎಂಜಿನ್ನು ಬಲಿಷ್ಠವೇ ಆಗಿತ್ತು; ತೊಂದರೆ ಕೊಟ್ಟದ್ದು ಎಂಜಿನ್ನಿಗಿಂತ ಪೆಟ್ರೋಲು ಸಾಗುವ ದಾರಿ. ಎಂಜಿನ್ನಿನ ಪಕ್ಕದಲ್ಲಿರುವ ಪಂಪು ದೂರದ ಟ್ಯಾಂಕುಗಳಿಂದ ಪೆಟ್ರೋಲನ್ನು ಹೀರಿ ತರಬೇಕು, ಹೀರುವಾಗ ಕೊಳವೆಯೊಳಗಿನ ಒತ್ತಡ ಇಳಿಯುತ್ತದೆ, ಒತ್ತಡ ಇಳಿದಂತೆ ಪೆಟ್ರೋಲು ಕಡಿಮೆ ಶಾಖಕ್ಕೇ ಕುದಿಯುತ್ತದೆ. ಬೇಸಿಗೆಯ ದಿನ ದೀರ್ಘವಾದ ಏರನ್ನು ಹತ್ತುವಾಗ ಕೊಳವೆಯಲ್ಲಿ ಆವಿ ಕಟ್ಟಿಕೊಂಡು ಎಂಜಿನ್ ಕೆಮ್ಮಿ ನಿಂತುಹೋಗುವ ಈ ಸ್ಥಿತಿಗೆ ವೇಪರ್ ಲಾಕ್ ಎಂದು ಹೆಸರು. ಎಥನಾಲ್ ಬೆರೆಸಿದ ಇಂದಿನ ಪೆಟ್ರೋಲು ಬೇಗ ಆವಿಯಾಗುವುದರಿಂದ ಹಳೆಯ ಕಾರ್ಬುರೇಟರ್ ವಾಹನಗಳಲ್ಲಿ ಇದು ಇನ್ನಷ್ಟು ಹೆಚ್ಚಿದೆ. ಟ್ಯಾಂಕಿನ ಬಳಿಯೇ ವಿದ್ಯುತ್ ಪಂಪು ಕೂರಿಸಿ, ಪೆಟ್ರೋಲನ್ನು ಹೀರುವ ಬದಲು ಹಿಂದಿನಿಂದ ತಳ್ಳುವಂತೆ ಮಾಡಿದರೆ ತೊಂದರೆ ಬಹುಮಟ್ಟಿಗೆ ನೀಗುತ್ತದೆ. 1977ರಲ್ಲಿ 455ರ ಸ್ಥಾನಕ್ಕೆ ಬಂದ 403 ಘನ ಇಂಚಿನ ಎಂಜಿನ್ನಿನಲ್ಲಿ ಅಕ್ಕಪಕ್ಕದ ಸಿಲಿಂಡರುಗಳ ಗೋಡೆಗಳು ನಡುವೆ ನೀರು ಹರಿಯಲು ಎಡೆಯಿಲ್ಲದಂತೆ ಕೂಡಿಕೊಂಡಿದ್ದವು. ಬಿಡುವಿಲ್ಲದೆ ಭಾರ ಎಳೆಯಬೇಕಾದ ವಾಹನಕ್ಕೆ ಇದು ಒಳ್ಳೆಯ ಆಯ್ಕೆಯಾಗಿತ್ತೆಂದು ಹೇಳುವುದು ಕಷ್ಟ.

ಇನ್ನು ನಿಲುಗಡೆಯ ವಿಷಯ. ತಿಂಗಳುಗಟ್ಟಲೆ ಅಲುಗಾಡದ ವಾಹನದಲ್ಲಿ ಡಿಸ್ಕಿನ ಎರಡೂ ಬದಿಯಿಂದ ಪ್ಯಾಡುಗಳನ್ನು ಒತ್ತುವ ಕ್ಯಾಲಿಪರ್ ಎಂಬ ಭಾಗದ ಪಿಸ್ಟನ್ನುಗಳು, ಅದು ಜಾರುವ ಪಿನ್ನುಗಳು ತುಕ್ಕು ಹಿಡಿದು ಬಿಗಿದುಕೊಳ್ಳುತ್ತವೆ. ಹೀಗಾದ ಬ್ರೇಕು ಹಿಡಿಯುತ್ತದೆ, ಆದರೆ ಪೂರ್ತಿ ಬಿಡುವುದಿಲ್ಲ. ಚಾಲಕನಿಗೆ ಏನೂ ತಿಳಿಯದಂತೆ ಡಿಸ್ಕು ಉಜ್ಜುತ್ತಲೇ ಕಾಯುತ್ತದೆ. ವರ್ಕ್‌ಹಾರ್ಸ್ ಎಂಬ ಕಂಪನಿಯ ಡಬ್ಲ್ಯು ಸರಣಿಯ ಚಾಸಿಗಳಲ್ಲಿ ಕ್ಯಾಲಿಪರ್ ಪಿಸ್ಟನ್ನು ಹಿಂದೆ ಸರಿಯದೆ ಬ್ರೇಕು ಕಾಯುವ ದೋಷ ಕಂಡುಬಂದು ಅವುಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಸಬೇಕಾಯಿತು. ಇನ್ನೂ ಕಣ್ಣಿಗೆ ಬೀಳದ ದೋಷವೊಂದು ಚಕ್ರಕ್ಕೆ ಹೋಗುವ ರಬ್ಬರ್ ಹೋಸಿನಲ್ಲಿರುತ್ತದೆ. ಹೊರಗಿನಿಂದ ನುಣ್ಣಗೆ, ಹೊಸದರಂತೆಯೇ ಕಾಣುವ ಹೋಸಿನ ಒಳಪದರ ವಯಸ್ಸಿನಿಂದ ಉಬ್ಬಿ ಸುಲಿದು, ಒಂದೇ ಕಡೆಗೆ ತೆರೆಯುವ ವಾಲ್ವಿನಂತೆ ವರ್ತಿಸುತ್ತದೆ. ಪೆಡಲಿನ ಬಲಕ್ಕೆ ಆಯಿಲ್ ಒಳಗೆ ನುಗ್ಗುತ್ತದೆ, ಹಿಂತಿರುಗುವಾಗ ತಳ್ಳುವ ಬಲವಿಲ್ಲದೆ ಅಲ್ಲಿಯೇ ಉಳಿಯುತ್ತದೆ. ಪ್ಯಾಡು, ಡಿಸ್ಕು, ಕ್ಯಾಲಿಪರ್ ಎಲ್ಲವನ್ನೂ ಬದಲಿಸಿ ಹೋಸನ್ನು ಮಾತ್ರ ಹಳೆಯದನ್ನೇ ಬಿಟ್ಟ ವಾಹನದಲ್ಲಿ ಅದೇ ಚಕ್ರ ಮತ್ತೆ ಕಾಯುವುದುಂಟು.

ಪಿ-30 ಚಾಸಿಯ ಸ್ವಯಂಚಾಲಿತ ಪಾರ್ಕಿಂಗ್ ಬ್ರೇಕು ಇನ್ನೊಂದು ವಿಚಿತ್ರ. ಗೇರ್‌ಬಾಕ್ಸಿನ ಹಿಂದೆ ಪ್ರೊಪೆಲರ್ ಶಾಫ್ಟಿಗೆ ಜೋಡಿಸಿದ ಡ್ರಮ್ಮನ್ನು ಬಲವಾದ ಸ್ಪ್ರಿಂಗ್ ಸದಾ ಹಿಡಿದಿರುತ್ತದೆ, ಆಯಿಲಿನ ಒತ್ತಡ ಬಂದಾಗ ಮಾತ್ರ ಬಿಡುತ್ತದೆ. ಒತ್ತಡ ತಪ್ಪಿದರೆ ವಾಹನ ತಾನಾಗಿ ನಿಲ್ಲಲಿ ಎಂಬ ಸುರಕ್ಷೆಯ ಯೋಚನೆ ಸರಿಯಾದದ್ದೇ. ಆದರೆ ಆಯಿಲ್ ಸೋರಿದರೂ ಒತ್ತಡ ಅಳೆಯುವ ಸ್ವಿಚ್ಚು ಕೆಟ್ಟರೂ, ಪಾರ್ಕಿಂಗ್ ಬ್ರೇಕು ಹೆದ್ದಾರಿಯ ಮಧ್ಯದಲ್ಲೇ ಹಿಡಿದುಕೊಳ್ಳುವ ಸಂಭವವಿತ್ತು, ಬಿಡಿಸುವ ಉಪಾಯ ತಿಳಿಯದವರು ವಾಹನವನ್ನು ಅಲ್ಲಿಂದ ಕದಲಿಸಲಾರದೆ ಹೋಗುತ್ತಿದ್ದರು.

ಎಂಜಿನ್ನುಗಳ ದೋಷಗಳಲ್ಲಿ ಹೆಚ್ಚಿನವು ಶಾಖಕ್ಕೆ ಸಂಬಂಧಿಸಿದವು. ಪೆಟ್ರೋಲ್ ಮೋಟಾರ್ ಹೋಮ್‌ಗಳಲ್ಲಿ ಎಂಜಿನ್ ಚಾಲಕನ ಪಕ್ಕದ ಮುಚ್ಚಳದ ಕೆಳಗೆ ಇಕ್ಕಟ್ಟಿನಲ್ಲಿ ಕುಳಿತಿರುವುದರಿಂದ ಗಾಳಿಯಾಡದೆ ಹೊಗೆಕೊಳವೆಯ ಬೋಲ್ಟುಗಳು ತುಂಡಾಗುವುದು ಸಾಮಾನ್ಯ. ಫೋರ್ಡಿನ 6.8 ಲೀಟರ್ ವಿ-10 ಎಂಜಿನ್ನಿನ ಮೊದಲ ವರ್ಷಗಳ ಮಾದರಿಯಲ್ಲಿ ಸ್ಪಾರ್ಕ್ ಪ್ಲಗ್ಗನ್ನು ಕಚ್ಚಿಹಿಡಿಯುವ ಥ್ರೆಡ್ಡುಗಳು ಅಲ್ಯೂಮಿನಿಯಂ ಹೆಡ್ಡಿನಲ್ಲಿ ತೀರ ಕಡಿಮೆಯಿದ್ದು, ಕೆಲವೊಮ್ಮೆ ಪ್ಲಗ್ಗು ಸಿಡಿದು ಹೊರಬರುತ್ತಿತ್ತು. ಎಂಜಿನ್ ಹಿಂಬದಿಯಲ್ಲಿರುವ ಡೀಸೆಲ್ ವಾಹನಗಳ ಕಥೆಯೇ ಬೇರೆ. ಎಂಜಿನ್ನಿನ ಒಳಗಿನ ಒತ್ತಡವನ್ನು ಹೊರಬಿಡುವ ಕೊಳವೆಯಿಂದ ಎಣ್ಣೆಯ ಸಣ್ಣ ಹನಿಗಳು ಹೊರಬೀಳುತ್ತವೆ, ಫ್ಯಾನು ಅವನ್ನು ರಸ್ತೆಯ ಧೂಳಿನೊಂದಿಗೆ ಎಳೆದು ರೇಡಿಯೇಟರಿನ ಮೇಲೆ ಬಡಿಯುತ್ತದೆ. ಹೀಗೆ ಕಟ್ಟಿದ ಜಿಡ್ಡು ರೇಡಿಯೇಟರಿನ ಒಳಮುಖದಲ್ಲಿರುವುದರಿಂದ ಹಿಂದಿನಿಂದ ಬಗ್ಗಿ ನೋಡಿದವರಿಗೆ ಅದು ಶುಭ್ರವಾಗಿಯೇ ಕಾಣುತ್ತದೆ, ಎಂಜಿನ್ ಮಾತ್ರ ಪ್ರತಿ ಏರಿನಲ್ಲೂ ಬಿಸಿಯಾಗುತ್ತದೆ. ಹೊರಗಿನಿಂದ ನೀರು ಚಿಮ್ಮಿಸಿ ತೊಳೆದರೆ ಕೊಳೆ ಇನ್ನಷ್ಟು ಸಿಕ್ಕಿಕೊಳ್ಳುವ ಸಂಭವವೇ ಹೆಚ್ಚು.

ಎಂಜಿನ್ನು ಮತ್ತು ಬ್ರೇಕು ಬೇರೆ ಬೇರೆ ವಿಷಯಗಳೆಂಬಂತೆ ಇಲ್ಲಿಯವರೆಗೆ ಹೇಳಿದ್ದರೂ ಇಳಿಜಾರಿನಲ್ಲಿ ಅವೆರಡೂ ಒಂದೇ. ಇಂಧನ ನಿಲ್ಲಿಸಿದ ಪೆಟ್ರೋಲ್ ಎಂಜಿನ್ನು ಅರೆಮುಚ್ಚಿದ ಬಾಗಿಲಿನ ಮೂಲಕ ಗಾಳಿಯನ್ನು ಕಷ್ಟಪಟ್ಟು ಹೀರಬೇಕಾಗಿರುವುದರಿಂದ ಚಕ್ರಗಳನ್ನು ಹಿಂದಕ್ಕೆಳೆಯುತ್ತದೆ; ಅಂತಹ ಬಾಗಿಲಿಲ್ಲದ ಡೀಸೆಲ್ ಎಂಜಿನ್ನಿನಲ್ಲಿ ಈ ಹಿಡಿತ ಕಡಿಮೆ. ಇದನ್ನು ಅನುಭವದಿಂದ ಕಂಡುಕೊಂಡವರು ಡೀಸೆಲ್ ಎಂಜಿನ್ನುಗಳಿಗೆ ಹೆಸರಾದ ಕ್ಲೆಸಿ ಕಮಿನ್ಸ್. 1931ರಲ್ಲಿ ನ್ಯೂಯಾರ್ಕಿನಿಂದ ಲಾಸ್ ಏಂಜಲೀಸ್‌ಗೆ ಡೀಸೆಲ್ ಲಾರಿಯನ್ನು ಓಡಿಸುತ್ತಿದ್ದಾಗ ಕ್ಯಾಲಿಫೋರ್ನಿಯಾದ ಕಹೋನ್ ಕಣಿವೆಯ ಇಳಿಜಾರಿನಲ್ಲಿ ಬ್ರೇಕು ಸೋತು, ಕೆಳಗೆ ರೈಲ್ವೆ ಕ್ರಾಸಿಂಗ್‌ನಲ್ಲಿ ಹಾದುಹೋಗುತ್ತಿದ್ದ ಗೂಡ್ಸ್ ರೈಲಿಗೆ ಢಿಕ್ಕಿಯಾಗುವುದು ಕೂದಲೆಳೆಯಲ್ಲಿ ತಪ್ಪಿತು. ನಿವೃತ್ತರಾದ ಮೇಲೆ ಅವರು ರೂಪಿಸಿದ ಸಾಧನದಲ್ಲಿ, ಸಿಲಿಂಡರಿನ ಗಾಳಿ ಪೂರ್ತಿ ಅದುಮಿಕೊಂಡ ಕ್ಷಣದಲ್ಲಿ ಹೊಗೆಯ ವಾಲ್ವು ತೆರೆದು ಆ ಗಾಳಿಯನ್ನು ಹೊರಬಿಡುವುದರಿಂದ, ಅದುಮಲು ವ್ಯಯವಾದ ಶಕ್ತಿ ಚಕ್ರಗಳಿಗೆ ಮರಳುವುದಿಲ್ಲ. 1961ರಲ್ಲಿ ಮಾರುಕಟ್ಟೆಗೆ ಬಂದ ಇದು ಜೇಕ್ ಬ್ರೇಕ್ ಎಂದು ಹೆಸರಾಗಿ, ದೊಡ್ಡ ಡೀಸೆಲ್ ಮೋಟಾರ್ ಹೋಮ್‌ಗಳಲ್ಲೂ ನೆಲೆಯೂರಿತು. ಇದರ ಗುಡುಗಿನಂತಹ ಸದ್ದನ್ನು ಸಹಿಸಲಾರದ ಅಮೆರಿಕದ ಎಷ್ಟೋ ಊರುಗಳು ತಮ್ಮ ಗಡಿಯಲ್ಲಿ ನಿಷೇಧದ ಫಲಕ ನೆಟ್ಟಿವೆ. ಹೊಗೆಕೊಳವೆಯನ್ನೇ ಮುಚ್ಚಿ ಎಂಜಿನ್ನನ್ನು ತಡೆಯುವ ಎಕ್ಸಾಸ್ಟ್ ಬ್ರೇಕು ಇದಕ್ಕಿಂತ ಸರಳವಾದದ್ದು; ಕರ್ನಾಟಕದ ಘಾಟಿಗಳಲ್ಲಿ ಓಡುವ ಅನೇಕ ಬಸ್ಸು, ಲಾರಿಗಳ ಚಾಲಕರಿಗೆ ಅದು ಪರಿಚಿತ.

ಅಮೆರಿಕಕ್ಕೆ ಮಕ್ಕಳ ಮನೆಗೆ ಹೋಗುವ, ಅಲ್ಲಿಯೇ ನೆಲೆಸಿರುವ ಕನ್ನಡಿಗ ಕುಟುಂಬಗಳು ಬೇಸಿಗೆ ರಜೆಯಲ್ಲಿ ಯೆಲ್ಲೊಸ್ಟೋನ್‌ನಂತಹ ತಾಣಗಳಿಗೆ ಬಾಡಿಗೆ ಮೋಟಾರ್ ಹೋಮ್ ತೆಗೆದುಕೊಳ್ಳುವುದುಂಟು. ಅದನ್ನು ಓಡಿಸಲು ಬಹುತೇಕ ರಾಜ್ಯಗಳಲ್ಲಿ ಸಾಮಾನ್ಯ ಕಾರಿನ ಲೈಸೆನ್ಸೇ ಸಾಕು. ಸಾಮಾನ್ಯವಾಗಿ ಪೆಟ್ರೋಲ್ ಎಂಜಿನ್ನಿನ, ತಾನಾಗಿ ಗೇರು ಬದಲಿಸುವ ಈ ವಾಹನಗಳಲ್ಲಿ ಗೇರಿನ ಸನ್ನೆಯ ತುದಿಯಲ್ಲೋ ಪಕ್ಕದಲ್ಲೋ ಟೋ-ಹಾಲ್ ಎಂದು ಬರೆದ ಗುಂಡಿಯೊಂದಿರುತ್ತದೆ. ಅದನ್ನು ಒತ್ತಿ ಇಳಿಜಾರಿಗೆ ಬಿಟ್ಟು ಒಮ್ಮೆ ಬ್ರೇಕು ತುಳಿದರೆ ಗೇರ್‌ಬಾಕ್ಸು ತಾನಾಗಿ ಕೆಳಗಿನ ಗೇರಿಗೆ ಇಳಿಯುತ್ತದೆ, ಎಂಜಿನ್ನು ನಿಮಿಷಕ್ಕೆ ನಾಲ್ಕು ಸಾವಿರ ಸುತ್ತಿನ ಆಸುಪಾಸಿಗೆ ಏರಿ ಅಬ್ಬರಿಸುತ್ತದೆ. ಸದ್ದು ಕೇಳಿ ಎಂಜಿನ್ನಿಗೇನೋ ಆಯಿತೆಂದು ಹೆದರಿ ಗುಂಡಿಯನ್ನು ಆರಿಸುವ ಹೊಸಬರು ಬಹಳ. ಆರಿಸಿದ ಮರುಕ್ಷಣ ಸದ್ದು ಅಡಗುತ್ತದೆ, ವಾಹನ ವೇಗ ಹೆಚ್ಚಿಸಿಕೊಳ್ಳುತ್ತದೆ, ಅಲ್ಲಿಂದ ಕೆಳಗಿನ ತಿರುವುಗಳನ್ನೆಲ್ಲ ನಾಲ್ಕು ಚಕ್ರಗಳ ಬ್ರೇಕುಗಳೇ ನಿಭಾಯಿಸಬೇಕಾಗುತ್ತದೆ.