ಅಂದು ಅಗ್ಗದ ಮಾಲು, ಇಂದು ‘ವಿಂಟೇಜ್’: ಹಳೇ ಬೇಸ್ ಗಿಟಾರ್ ಕೊಳ್ಳೋ ಮುಂಚೆ ಇಷ್ಟು ಗೊತ್ತಿರಲಿ

ಶುರು ಮಾಡೋ ಮುಂಚೆ ಒಂದು ಸಣ್ಣ ಕೆಲಸ. ಈ ಸಂಚಿಕೆಯನ್ನ ಫೋನ್ ಸ್ಪೀಕರ್‌ನಲ್ಲಿ ಕೇಳ್ತಾ ಇದ್ರೆ ದಯವಿಟ್ಟು ಇಯರ್‌ಫೋನ್ ಹಾಕ್ಕೊಳ್ಳಿ. ಯಾಕೆ ಅಂದ್ರೆ, ಇವತ್ತಿನ ನಮ್ಮ ಕಥಾನಾಯಕ ಫೋನ್ ಸ್ಪೀಕರ್‌ನಲ್ಲಿ ಸರಿಯಾಗಿ ಕೇಳಿಸೋದೇ ಇಲ್ಲ.

ನಾಲ್ಕು ತಂತಿಯ ಬೇಸ್ ಗಿಟಾರ್‌ನ ಅತಿ ದಪ್ಪ ತಂತಿಯನ್ನ ಮೀಟಿದಾಗ ಬರೋ ಸ್ವರ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತೆ. ಫೋನಿನ ಬೆರಳಗಲದ ಸ್ಪೀಕರ್‌ಗೆ ಅಷ್ಟು ತಗ್ಗಿನ ಸದ್ದು ಹೊರಡಿಸೋ ಶಕ್ತಿ ಇಲ್ಲ. ಮೇಲಿನ ಉಪಸ್ವರಗಳನ್ನ ಮಾತ್ರ ಕೊಡುತ್ತೆ, ಉಳಿದದ್ದನ್ನ ನಮ್ಮ ಮೆದುಳೇ ಊಹೆ ಮಾಡಿ ತುಂಬಿಕೊಳ್ಳುತ್ತೆ. ನಂಬಿಕೆ ಬರದಿದ್ರೆ, ಶಂಕರ್ ನಾಗ್ ಅವರ 1981ರ ‘ಗೀತಾ’ ಚಿತ್ರದ ಹಾಡುಗಳನ್ನ ಒಮ್ಮೆ ಸ್ಪೀಕರ್‌ನಲ್ಲಿ, ಇನ್ನೊಮ್ಮೆ ಒಳ್ಳೇ ಇಯರ್‌ಫೋನ್‌ನಲ್ಲಿ ಕೇಳಿ. ಇಳಯರಾಜ ಸಂಗೀತ. ಹಾಡಿನ ಕೆಳಗೆ ಬೇಸ್ ತನ್ನದೇ ಆದ ಇನ್ನೊಂದು ಹಾಡು ಹೇಳ್ತಿರೋದು ಆಗ ಗೊತ್ತಾಗುತ್ತೆ.

ಈ ವಾದ್ಯದ ಹುಚ್ಚು ಹತ್ತಿದವರಲ್ಲಿ ಒಂದು ವಿಚಿತ್ರ ಅಭ್ಯಾಸ ಇದೆ. ಹೊಸದು ಫಳಫಳ ಹೊಳೀತಿದ್ರೂ ಅವರ ಕಣ್ಣು ಹಳೇದರ ಮೇಲೆ. ಬಣ್ಣ ಕಿತ್ತುಹೋಗಿರಬೇಕು, ಸ್ಕ್ರೂ ತುಕ್ಕು ಹಿಡಿದಿರಬೇಕು, ಅರವತ್ತು ವರ್ಷ ಆಗಿದ್ರೆ ಇನ್ನೂ ಒಳ್ಳೇದು. ತಮಾಷೆ ಏನಪ್ಪಾ ಅಂದ್ರೆ, ಇವತ್ತು ಮುಗಿಬಿದ್ದು ಕೊಳ್ಳೋ ಹಳೇ ಬೇಸ್‌ಗಳಲ್ಲಿ ಎಷ್ಟೋ ಅವು ತಯಾರಾದ ಕಾಲಕ್ಕೆ ಅಗ್ಗದ ಮಾಲು. ದೊಡ್ಡದನ್ನ ಕೊಳ್ಳೋಕೆ ಕೈಯಲ್ಲಿ ದುಡ್ಡಿಲ್ಲದೇ ಇದ್ದವರು ತಗೊಂಡದ್ದು.

ಸ್ವಲ್ಪ ಹಿಂದಕ್ಕೆ ಹೋಗೋಣ. ಬೇಸ್ ಅಂದ್ರೆ ಆಗ ಡಬಲ್ ಬೇಸ್. ಆಳೆತ್ತರದ ಪಿಟೀಲು ಅಂದ್ಕೊಳ್ಳಿ. ಕಾರಿನಲ್ಲಿ ಹಿಡಿಸೋದಿಲ್ಲ, ಡ್ರಮ್ಸ್ ಮತ್ತು ಎಲೆಕ್ಟ್ರಿಕ್ ಗಿಟಾರ್ ಪಕ್ಕದಲ್ಲಿ ಅದರ ಸದ್ದು ಮುಳುಗಿಹೋಗುತ್ತೆ. ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟಟ್‌ಮಾರ್ಕ್ ಅನ್ನೋರು 1930ರ ದಶಕದಲ್ಲೇ ಗಿಟಾರ್ ಹಾಗೆ ಹಿಡಿದು ನುಡಿಸೋ ಎಲೆಕ್ಟ್ರಿಕ್ ಬೇಸ್ ಮಾಡಿದ್ರು, ಆದ್ರೆ ಓಡಲಿಲ್ಲ. ಓಡಿದ್ದು 1951ರಲ್ಲಿ. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ತಂದ ಪ್ರಿಸಿಷನ್ ಬೇಸ್. ಮೂಲತಃ ರೇಡಿಯೋ ರಿಪೇರಿ ಮಾಡ್ತಿದ್ದ ಮನುಷ್ಯ. ಹೆಸರಿನಲ್ಲಿರೋ ಪ್ರಿಸಿಷನ್ ಬಂದದ್ದು ಫ್ರೆಟ್‌ಗಳಿಂದ: ಲೋಹದ ಪಟ್ಟಿ ಇರೋದ್ರಿಂದ ಬೆರಳು ಚೂರು ಆಚೀಚೆ ಆದ್ರೂ ಸ್ವರ ಜಾರೋದಿಲ್ಲ.

ಒಳಗಿರೋ ತಂತ್ರ ಸರಳ. ತಂತಿಯ ಕೆಳಗೆ ಆಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತಾಮ್ರದ ಸಣ್ಣ ತಂತಿ. ಉಕ್ಕಿನ ತಂತಿ ಅದುರಿದಾಗ ಕಾಂತಕ್ಷೇತ್ರ ಏರುಪೇರಾಗುತ್ತೆ, ತಾಮ್ರದಲ್ಲಿ ಚೂರು ಕರೆಂಟ್ ಹುಟ್ಟುತ್ತೆ, ಆ್ಯಂಪ್ಲಿಫೈಯರ್ ಅದನ್ನ ದೊಡ್ಡದು ಮಾಡುತ್ತೆ. ಇದೇ ಪಿಕಪ್. ಒಂದೇ ಸುರುಳಿ ಇದ್ರೆ ಮನೆ ವೈರಿಂಗ್‌ನ ‘ಗುಂಯ್’ ಅನ್ನೋ ಸದ್ದನ್ನೂ ಹಿಡಿದುಕೊಳ್ಳುತ್ತೆ. 1957ರಲ್ಲಿ ಫೆಂಡರ್ ಪಿಕಪ್ಪನ್ನ ಎರಡು ತುಂಡು ಮಾಡಿ, ಒಂದನ್ನ ಇನ್ನೊಂದಕ್ಕೆ ಉಲ್ಟಾ ಜೋಡಿಸಿದಾಗ ಎರಡರ ಗುಂಯ್ ಒಂದನ್ನೊಂದು ಹೊಡೆದುಹಾಕ್ತು. ಇವತ್ತಿಗೂ ಬಹಳಷ್ಟು ಬೇಸ್‌ಗಳಲ್ಲಿ ಇರೋದು ಇದೇ ವಿನ್ಯಾಸ. ಒಂದು ಹಲಗೆ, ಒಂದು ಕತ್ತು, ಪಿಕಪ್, ಎರಡು ನಾಬ್. ನನ್ನ ಪ್ರಕಾರ ಅಗ್ಗದ ಬೇಸ್ ಕೂಡ ಚೆನ್ನಾಗಿ ನುಡಿಯೋದಕ್ಕೆ ಮುಖ್ಯ ಕಾರಣ ಇದೇ. ದುಡ್ಡು ಉಳಿಸೋಕೆ ಹೋಗಿ ಕೆಡಿಸೋ ಅಷ್ಟು ಭಾಗಗಳೇ ಇದರಲ್ಲಿ ಇಲ್ಲ.

ಡ್ಯಾನೆಲೆಕ್ಟ್ರೋ ಕಂಪನಿ ಇನ್ನೂ ಮುಂದೆ ಹೋಯ್ತು. ಒಳ್ಳೇ ಮರದ ಬದಲು ಮೇಲೆ ಕೆಳಗೆ ಮೇಸನೈಟ್, ಅಂದ್ರೆ ಮರದ ನಾರನ್ನ ಒತ್ತಿ ಮಾಡಿದ ಹಾರ್ಡ್‌ಬೋರ್ಡ್. ಪಿಕಪ್ ಮುಚ್ಚೋಕೆ ಲಿಪ್‌ಸ್ಟಿಕ್ ಕೊಳವೆ! ನಿಜವಾದ ಲಿಪ್‌ಸ್ಟಿಕ್ ಕೊಳವೆ. ಸಿಯರ್ಸ್ ಅನ್ನೋ ಮಳಿಗೆ ಅವುಗಳನ್ನ ಸಿಲ್ವರ್‌ಟೋನ್ ಹೆಸರಲ್ಲಿ ಕ್ಯಾಟಲಾಗ್ ಮೂಲಕ ಮಾರ್ತಿತ್ತು. ಇವತ್ತು ಆ ಸದ್ದು ಬೇಕು ಅಂತಲೇ ಜನ ಹುಡುಕ್ತಾರೆ.

ಅಗ್ಗದ ಬೇಸ್‌ನ ಅತಿ ದೊಡ್ಡ ಕಥೆ ಮಾತ್ರ ಜರ್ಮನಿಯದ್ದು. 1961, ಹ್ಯಾಂಬರ್ಗ್. ಬೀಟಲ್ಸ್ ಅಂದ್ರೆ ಯಾರು ಅಂತ ಇನ್ನೂ ಪ್ರಪಂಚಕ್ಕೆ ಗೊತ್ತಿಲ್ಲ. ಕ್ಲಬ್‌ಗಳಲ್ಲಿ ರಾತ್ರಿಯಿಡೀ ನುಡಿಸ್ತಿದ್ದ ಪಾಲ್ ಮೆಕಾರ್ಟ್ನಿಗೆ ಒಂದು ಬೇಸ್ ಬೇಕಾಯ್ತು. ಫೆಂಡರ್ ತಗೊಳ್ಳೋಕೆ ಸುಮಾರು 100 ಪೌಂಡ್ ಬೇಕು. ಅಷ್ಟಿರಲಿಲ್ಲ. ಅಂಗಡಿಯಲ್ಲಿ ಪಿಟೀಲಿನ ಆಕಾರದ ಹಾಫ್ನರ್ 500/1 ಸುಮಾರು 30 ಪೌಂಡ್‌ಗೆ ಸಿಕ್ತು. ಪಾಲ್ ಎಡಗೈಯವರು. ಹಾಫ್ನರ್ ಎರಡೂ ಕಡೆ ಒಂದೇ ಥರ ಇದ್ದದ್ದರಿಂದ ಎಡಗೈಯಲ್ಲಿ ಹಿಡಿದ್ರೂ ವಿಕಾರವಾಗಿ ಕಾಣ್ತಿರಲಿಲ್ಲ, ಅದೂ ಒಂದು ಕಾರಣ. ಒಳಗೆ ಟೊಳ್ಳು, ತೂಕ ಕಡಿಮೆ, ತಂತಿಯ ಉದ್ದ ಸುಮಾರು 30 ಇಂಚು. ಫೆಂಡರ್‌ನದ್ದು 34. ಅಂದ್ರೆ ಬೆರಳು ಅಷ್ಟೊಂದು ಚಾಚಬೇಕಿಲ್ಲ.

ಆ ಬೇಸ್ 1972ರಲ್ಲಿ ಲಂಡನ್‌ನಲ್ಲಿ ವ್ಯಾನ್‌ನಿಂದ ಕಳುವಾಯ್ತು. ಐವತ್ತು ವರ್ಷ ಪತ್ತೆ ಇಲ್ಲ. ಹುಡುಕಾಟಕ್ಕೆ ಅಂತಲೇ ಅಭಿಮಾನಿಗಳು, ಪತ್ರಕರ್ತರು ಸೇರಿ ಅಭಿಯಾನ ಮಾಡಿದ್ರು. ಇಂಗ್ಲೆಂಡಿನ ಒಂದು ಮನೆಯ ಅಟ್ಟದಲ್ಲಿ ಅದು ಬಿದ್ದಿತ್ತು! ಮತ್ತೆ ಪಾಲ್ ಕೈ ಸೇರಿದ ಸುದ್ದಿ ಹೊರಬಿದ್ದಿದ್ದು 2024ರ ಫೆಬ್ರವರಿಯಲ್ಲಿ.

ಎಲ್ಲ ಕಥೆಯೂ ಹಾಗೆ ಮುಗಿಯೋದಿಲ್ಲ. ಡೆಟ್ರಾಯಿಟ್‌ನ ಮೋಟೌನ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಬಗ್ಗೆ ಹೇಳಲೇಬೇಕು. 1962ರ ಒಂದು ಪ್ರಿಸಿಷನ್ ಬೇಸ್, ಬಲಗೈಯ ಒಂದೇ ತೋರುಬೆರಳು. ತಂತಿ ಹಳೇದಾಯ್ತು ಅಂತ ಬದಲಾಯಿಸೋ ಅಭ್ಯಾಸವೇ ಅವರಿಗಿರಲಿಲ್ಲ. ನುಣುಪು ಮೈಯ ದಪ್ಪ ತಂತಿ, ಅದರ ಮೇಲೆ ವರ್ಷಗಟ್ಟಲೆ ಬೆರಳಿನ ಎಣ್ಣೆ, ಬೆವರು. ಇವತ್ತು ‘ವಿಂಟೇಜ್ ಟೋನ್’ ಅಂತ ನಾವು ಕರೆಯೋ ಆ ದಪ್ಪ, ಮೆತ್ತನೆ ಸದ್ದಿನಲ್ಲಿ ವಾದ್ಯದಷ್ಟೇ ಪಾಲು ಆ ಹಳೇ ತಂತಿಯದ್ದು, ಆ ಬೆರಳಿನದ್ದು. ಅಷ್ಟೊಂದು ಹಿಟ್ ಹಾಡುಗಳಿಗೆ ನುಡಿಸಿದ ಮನುಷ್ಯನ ಹೆಸರು ಮೋಟೌನ್ ಆಲ್ಬಂ ಒಂದರ ಮೇಲೆ ಬರಲಿಕ್ಕೆ 1971 ಆಗಬೇಕಾಯ್ತು. 1983ರಲ್ಲಿ ಅವರು ತೀರಿಕೊಳ್ಳೋ ಕೆಲವೇ ದಿನ ಮುಂಚೆ ಆ ಬೇಸ್ ಕಳುವಾಯ್ತು. ಇವತ್ತಿಗೂ ಸಿಕ್ಕಿಲ್ಲ.

ಸರಿ, ‘ವಿಂಟೇಜ್’ ಬೆಲೆ ಎಲ್ಲಿಂದ ಬಂತು? 1965ರಲ್ಲಿ ಲಿಯೋ ಫೆಂಡರ್ ತಮ್ಮ ಕಂಪನಿಯನ್ನ ಸಿಬಿಎಸ್ ಅನ್ನೋ ದೊಡ್ಡ ಮಾಧ್ಯಮ ಸಂಸ್ಥೆಗೆ ಸುಮಾರು 1.3 ಕೋಟಿ ಡಾಲರ್‌ಗೆ ಮಾರಿದ್ರು. ಆಮೇಲೆ ಗುಣಮಟ್ಟ ಇಳೀತು ಅನ್ನೋ ಮಾತು ಹರಡ್ತು. ಒಂದಷ್ಟು ನಿಜ, ಒಂದಷ್ಟು ಉತ್ಪ್ರೇಕ್ಷೆ. ಆದ್ರೆ ‘ಸಿಬಿಎಸ್‌ಗೂ ಮುಂಚಿನದ್ದು’ ಅನ್ನೋ ಮಾತು ಒಂದು ಮಂತ್ರ ಆಗಿಬಿಡ್ತು, ಆ ಕಾಲದ ಬೇಸ್‌ಗಳು ದುಡಿಯೋ ವಾದ್ಯಗಾರನ ಕೈ ತಪ್ಪಿ ಶ್ರೀಮಂತರ ಗಾಜಿನ ಕಪಾಟು ಸೇರಿದವು. 1990ರ ದಶಕದ ನಡುವಿನಿಂದ ಫೆಂಡರ್ ಕಂಪನಿಯೇ ಹೊಸ ವಾದ್ಯಕ್ಕೆ ಬೇಕಂತಲೇ ಬಣ್ಣ ಕೆರೆದು, ತುಕ್ಕು ಹಿಡಿಸಿ ಹೆಚ್ಚಿನ ಬೆಲೆಗೆ ಮಾರ್ತಿದೆ. ಹರಿದ ಜೀನ್ಸ್ ಕಥೆ ಇದ್ದಂಗೆ.

ಆ ಹೊತ್ತಿಗೆ ಬಡ ವಾದ್ಯಗಾರರನ್ನ ಕಾಪಾಡಿದ್ದು ಜಪಾನ್. 1970ರ ದಶಕದಲ್ಲಿ ಅಲ್ಲಿನ ಕಾರ್ಖಾನೆಗಳು ಅಮೆರಿಕದ ಗಿಟಾರ್‌ಗಳ ಪಕ್ಕಾ ನಕಲು ಮಾಡೋಕೆ ಶುರು ಮಾಡಿದವು. ಮೊದಮೊದಲು ನಗೆಪಾಟಲು. ಬರಬರ್ತಾ ನಕಲೇ ಅಸಲಿಗಿಂತ ಚೆನ್ನಾಗಿದೆ ಅನ್ನೋ ಮಾತು ಬಂತು. 1977ರಲ್ಲಿ ಗಿಬ್ಸನ್‌ನ ಮಾತೃ ಕಂಪನಿ ನಾರ್ಲಿನ್, ಐಬನೇಜ್ ವಾದ್ಯಗಳನ್ನ ಅಮೆರಿಕದಲ್ಲಿ ಮಾರ್ತಿದ್ದ ಎಲ್ಗರ್ ಕಂಪನಿ ಮೇಲೆ ಕೇಸ್ ಹಾಕಿತು. ವಿವಾದ ಇದ್ದದ್ದು ಗಿಟಾರ್‌ನ ತಲೆಯ ಆಕಾರದ ಬಗ್ಗೆ. ಕೋರ್ಟಿನ ಹೊರಗೆ ರಾಜಿ ಆಯ್ತು. ಅಷ್ಟೇ. ಆದ್ರೆ ಇವತ್ತು ಸೆಕೆಂಡ್ ಹ್ಯಾಂಡ್ ಮಾರಾಟದ ಜಾಹೀರಾತು ನೋಡಿ, ಆ ಕಾಲದ ಜಪಾನಿ ವಾದ್ಯ ಯಾವುದೇ ಇರಲಿ, ‘ಲಾಸೂಟ್ ಎರಾ’ ಅಂತ ಬರೆದು ಬೆಲೆ ಏರಿಸಿರ್ತಾರೆ. ಫೆಂಡರ್ ಬೇಸ್‌ನ ನಕಲಿಗೂ ಆ ಕೇಸಿಗೂ ಯಾವ ಸಂಬಂಧವೂ ಇಲ್ಲ. ಆ ಎರಡು ಪದಕ್ಕೆ ಒಂದು ರೂಪಾಯಿ ಜಾಸ್ತಿ ಕೊಡಬೇಡಿ.

ಫೆಂಡರ್ ಏನು ಮಾಡ್ತು? ಜಗಳ ಬಿಟ್ಟು ಜೊತೆ ಸೇರ್ತು. 1982ರಲ್ಲಿ ಫೆಂಡರ್ ಜಪಾನ್ ಶುರುವಾಯ್ತು. ಮತ್ಸುಮೊಟೊ ಊರಿನ ಫುಜಿಜೆನ್ ಕಾರ್ಖಾನೆಯಲ್ಲಿ ಹಳೇ ಮಾದರಿಗಳನ್ನ ಮತ್ತೆ ತಯಾರಿಸಿದ್ರು. ಅಗ್ಗದ ಸಾಲಿಗೆ ಸ್ಕ್ವಾಯರ್ ಅಂತ ಹೆಸರು, ಅದು ಫೆಂಡರ್ 1965ರಲ್ಲಿ ಕೊಂಡಿದ್ದ ಒಂದು ತಂತಿ ಕಂಪನಿಯ ಹೆಸರು. ನಂಬರ್ ‘ಜೆವಿ’ ಅಕ್ಷರಗಳಿಂದ ಶುರುವಾಗೋ ಮೊದಲ ವರ್ಷಗಳ ಸ್ಕ್ವಾಯರ್‌ಗಳು ಈಗ ಅವೇ ವಿಂಟೇಜ್ ಆಗಿ ದುಬಾರಿ ಆಗಿವೆ.

ನಮ್ಮಲ್ಲಿ? 1991ಕ್ಕೂ ಮುಂಚೆ ವಿದೇಶಿ ವಾದ್ಯ ತರಿಸೋದು ಸುಲಭದ ಮಾತಾಗಿರಲಿಲ್ಲ. ಹಾಗಾಗಿ ನಮ್ಮ ಮಾರುಕಟ್ಟೆಯಲ್ಲಿ ಅರವತ್ತರ ದಶಕದ ಫೆಂಡರ್ ಸಿಗೋದು ತೀರಾ ಅಪರೂಪ. ಯಾರಾದ್ರೂ ‘ವಿಂಟೇಜ್’ ಅಂದ್ರೆ ಕಣ್ಣು ಚೂಪು ಮಾಡಿ. ಸಾಮಾನ್ಯವಾಗಿ ಸಿಗೋದು ಇಂಡೋನೇಷ್ಯಾ, ಚೀನಾದಲ್ಲಿ ತಯಾರಾದ, ಹತ್ತು ಹದಿನೈದು ವರ್ಷ ಹಳೇ ಶುರುವಾತಿನ ಬೇಸ್‌ಗಳು. ಕಾಲೇಜಲ್ಲಿ ಬ್ಯಾಂಡ್ ಕಟ್ಟಿ, ಕೆಲಸ ಸಿಕ್ಕಮೇಲೆ ಮಂಚದ ಕೆಳಗೆ ಸರಿಸಿದ್ದು. ಇವೇ ನಮಗೆ ಬೇಕಾದ್ದು ಅಂತ ನನ್ನ ಅಭಿಪ್ರಾಯ. ಹೊಸದೇ ಒಂದು ಸಾಧಾರಣ ಸ್ಮಾರ್ಟ್‌ಫೋನ್ ಬೆಲೆಗೆ ಬರೋವಾಗ, ಹಳೇದು ಅದಕ್ಕಿಂತ ಚೆನ್ನಾಗೇ ಇಳಿದಿರಬೇಕು. ಅಂದಹಾಗೆ, ಫೆಂಡರ್‌ನಂಥ ಕಂಪನಿಗಳು ಬ್ರೆಜಿಲ್‌ನ ರೋಸ್‌ವುಡ್ ಬಿಟ್ಟ ಮೇಲೆ ಫ್ರೆಟ್ ಕೂರಿಸೋ ಹಲಗೆಗೆ ಬಹುಕಾಲ ಬಳಸಿದ್ದು ಇಂಡಿಯನ್ ರೋಸ್‌ವುಡ್. ನಮ್ಮ ಮಲೆನಾಡಿನಲ್ಲೂ ಬೆಳೆಯೋ ಬೀಟೆ ಮರವೇ ಅದು.

ಈಗ ಕೊಳ್ಳೋ ವಿಷಯ. ಬಣ್ಣ ನೋಡಬೇಡಿ, ಕತ್ತು ನೋಡಿ. ಸಾಮಾನ್ಯ ದಪ್ಪದ ನಾಲ್ಕು ತಂತಿ ಸೇರಿ ಕತ್ತಿನ ಮೇಲೆ ಸುಮಾರು 80 ಕಿಲೋ ಎಳೆತ ಹಾಕ್ತವೆ, ಹಗಲೂ ರಾತ್ರಿ. ಅದನ್ನ ತಡೆಯೋಕೆ ಕತ್ತಿನ ಒಳಗೆ ಟ್ರಸ್ ರಾಡ್ ಅನ್ನೋ ಉಕ್ಕಿನ ಸರಳು ಇರುತ್ತೆ. ಬಡಗಿ ಹಲಗೆ ನೋಡೋ ಹಾಗೆ ಒಂದು ಕಣ್ಣು ಮುಚ್ಚಿ, ತಲೆಯ ಕಡೆಯಿಂದ ಉದ್ದಕ್ಕೆ ನೋಡಿ. ಸ್ವಲ್ಪ ಬಿಲ್ಲಿನ ಹಾಗೆ ಬಾಗಿದ್ರೆ ಹೆದರಬೇಡಿ, ಮಳೆಗಾಲದಲ್ಲಿ ಮರ ಹಾಗೆ ಆಡುತ್ತೆ, ಸರಳು ತಿರುಗಿಸಿದ್ರೆ ಸರಿಹೋಗುತ್ತೆ. ಆದ್ರೆ ಒಗೆದ ಬಟ್ಟೆ ಹಿಂಡಿದ ಹಾಗೆ ಕತ್ತು ತಿರುಚಿಕೊಂಡಿದ್ರೆ, ಬೆಲೆ ಎಷ್ಟೇ ಕಡಿಮೆ ಇರಲಿ, ನಮಸ್ಕಾರ ಹೇಳಿ ಹೊರಟುಬಿಡಿ. ಅದನ್ನ ಸರಿ ಮಾಡಿಸೋ ಖರ್ಚು ಬೇಸ್‌ನ ಬೆಲೆಯನ್ನೇ ದಾಟಬಹುದು.

ಇನ್ನೊಂದು ಪರೀಕ್ಷೆ. ದಪ್ಪ ತಂತಿಯನ್ನ ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒಟ್ಟಿಗೆ ಒತ್ತಿ ಹಿಡೀರಿ. ಆಗ ಆ ತಂತಿಯೇ ನಿಮ್ಮ ಅಳತೆಪಟ್ಟಿ. ನಡುವೆ, ಏಳು ಎಂಟನೇ ಫ್ರೆಟ್ ಹತ್ತಿರ, ಒಂದು ವಿಸಿಟಿಂಗ್ ಕಾರ್ಡ್ ತೂರೋ ಅಷ್ಟು ಸಂದು ಇದ್ರೆ ಆರೋಗ್ಯವಾಗಿದೆ. ಜಾಸ್ತಿ ಇದ್ರೆ ಟ್ರಸ್ ರಾಡ್‌ನ ನಟ್ ತಿರುಗುತ್ತಾ ಅಂತ ಮಾರುವವರ ಎದುರೇ ನೋಡಿಸಿ, ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ನಟ್ ಅಲ್ಲಾಡದಿದ್ರೆ ಅದು ಕೆಟ್ಟ ಲಕ್ಷಣ.

ಇಸವಿ ಬಗ್ಗೆ ಅನುಮಾನ ಬಂದ್ರೆ? ಅಮೆರಿಕದ ಹಳೇ ವಾದ್ಯಗಳಲ್ಲಿ ನಾಬ್ ಕೆಳಗಿರೋ ಪಾಟ್, ಅಂದ್ರೆ ವಾಲ್ಯೂಮ್ ಹೆಚ್ಚು ಕಡಿಮೆ ಮಾಡೋ ಬಿಡಿಭಾಗದ ಮೈಮೇಲೆ ಸಣ್ಣ ಅಂಕೆಗಳಿರುತ್ತೆ. ಉದಾಹರಣೆಗೆ 1376612 ಅಂತ ಇದ್ರೆ: 137 ಅಂದ್ರೆ ತಯಾರಿಸಿದ ಸಿಟಿಎಸ್ ಕಂಪನಿ, 66 ಅಂದ್ರೆ 1966, 12 ಅಂದ್ರೆ ಆ ವರ್ಷದ ಹನ್ನೆರಡನೇ ವಾರ. ಇದು ಬೇಸ್ ಯಾವಾಗ ತಯಾರಾಯ್ತು ಅಂತ ಹೇಳೋದಿಲ್ಲ, ಆ ಪಾಟ್ ಮೂಲದ್ದೇ ಆಗಿದ್ರೆ ಬೇಸ್ ಅದಕ್ಕಿಂತ ಮುಂಚಿನದ್ದಲ್ಲ ಅಂತ ಮಾತ್ರ ಹೇಳುತ್ತೆ. ‘1962ರ ಮಾಲು, ಏನೂ ಮುಟ್ಟಿಲ್ಲ’ ಅಂತ ಹೇಳೋರ ಬೇಸ್ ಒಳಗೆ 66 ಕಂಡ್ರೆ ನಿಮಗೆ ಉತ್ತರ ಸಿಕ್ತು.

ಆ್ಯಂಪ್‌ಗೆ ಹಾಕಿ ನಾಬ್ ತಿರುಗಿಸಿದಾಗ ಕರಕರ ಅಂದ್ರೆ ಚಿಂತೆ ಇಲ್ಲ, ಧೂಳು. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಸಾಕು. ಕಿವಿ ತಿರುಗಿಸೋದು ಬಿಗಿಯಾಗಿದ್ರೂ, ಪಿಕಪ್ ಸತ್ತಿದ್ರೂ ರಿಪೇರಿ ಇದೆ, ಬೆಲೆ ಇಳಿಸೋಕೆ ಒಳ್ಳೇ ನೆಪ ಕೂಡ. ಒಂದೊಂದು ತಂತಿಯಲ್ಲೂ ಪ್ರತಿ ಫ್ರೆಟ್ ಒತ್ತಿ ನುಡಿಸಿ ನೋಡಿ. ಅತಿ ತೆಳು ತಂತಿಯಲ್ಲಿ ಐದರಿಂದ ಏಳನೇ ಫ್ರೆಟ್ ಆಸುಪಾಸು ಸ್ವರ ಬೇಗ ಸತ್ತುಹೋದ್ರೆ ಗಾಬರಿ ಬೇಡ. ಲಕ್ಷಗಟ್ಟಲೆ ಬೆಲೆಯ ಬೇಸ್‌ಗಳಲ್ಲೂ ಆ ಕಾಯಿಲೆ ಸಾಮಾನ್ಯ.

ಕೊನೇದಾಗಿ, ಮನೆಗೆ ತಂದ ತಕ್ಷಣ ಸದ್ದು ಮಂಕಾಗಿದೆ ಅಂತ ಬೇಸರ ಮಾಡ್ಕೋಬೇಡಿ. ತಂತಿ ಎಷ್ಟು ಹಳೇದೋ ಯಾರಿಗೆ ಗೊತ್ತು. ಹೊಸ ಸೆಟ್ ಹಾಕಿ ಒಂದು ವಾರ ನುಡಿಸಿ. ಹಳೇ ತಂತಿಯನ್ನ ಮಾತ್ರ ಎಸೀಬೇಡಿ, ಸುತ್ತಿ ಎತ್ತಿಡಿ. ಆ ಮಂಕು ಸದ್ದೇ ಚೆನ್ನಾಗಿತ್ತು ಅಂತ ನಿಮಗೂ ಅನ್ನಿಸಬಹುದು, ಜೇಮರ್ಸನ್ ಅವರಿಗೆ ಅನ್ನಿಸಿದ ಹಾಗೆ. ಮುಂದಿನ ಸಂಚಿಕೆಯಲ್ಲಿ ಸಿಗೋಣ.